ಕಾಮಾಕ್ಷಿಪಾಳ್ಯದಲ್ಲಿ ನಡೆಯುವವರಿಗೆ ದಾರಿ ಬಿಡಿ

ಕಾಮಾಕ್ಷಿಪಾಳ್ಯದಲ್ಲಿ ಗಾಡಿ ಇಲ್ಲದೆ ಬದುಕಬಹುದು. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕೆಂದರೂ ಸ್ಕೂಟರ್ ತೆಗೆಯಬೇಕು, ಇಲ್ಲವೇ ಮೊಬೈಲ್ ಒತ್ತಿ ಡೆಲಿವರಿ ಹುಡುಗನ ದಾರಿ ಕಾಯಬೇಕು. ಇಲ್ಲಿ ಹಾಲಿನ ಬೂತು, ಹಿಟ್ಟಿನ ಗಿರಣಿ, ದರ್ಶಿನಿ, ಇಸ್ತ್ರಿ ಅಂಗಡಿ, ಮೆಡಿಕಲ್ ಶಾಪು, ಟೈಲರ್, ಚಪ್ಪಲಿ ಹೊಲಿಯುವವರು, ಮಕ್ಕಳ ಶಾಲೆ, ದೇವಸ್ಥಾನ, ಬಸ್ ಸ್ಟಾಪು ಎಲ್ಲವೂ ಕೂಗಳತೆಯಲ್ಲಿವೆ. ಎಷ್ಟೋ ಮಂದಿಗೆ ಕೆಲಸವೂ ಅಷ್ಟೇ ಹತ್ತಿರ. ಹಿಂದಿನ ಕ್ರಾಸಿನ ಲೇಥ್ ಶಾಪಿನಲ್ಲೋ, ಮುಂದಿನ ಬೀದಿಯ ಗಾರ್ಮೆಂಟ್ಸಿನಲ್ಲೋ. ಈ ಬಡಾವಣೆಯ ದಿನನಿತ್ಯದ ಸುಖಗಳನ್ನೆಲ್ಲ ನಡೆದೇ ಪಡೆಯಬಹುದು. ಇಲ್ಲಿನ ಕಿರಿಕಿರಿಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಹಾಗೆ ನಡೆಯಲು ಜಾಗವೇ ಇಲ್ಲದಿರುವುದರಿಂದ.

ಬಡಾವಣೆ ಬೆಳೆದದ್ದು ಮಾಗಡಿ ರಸ್ತೆಯನ್ನು ನಂಬಿಕೊಂಡು. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದವರು ಮುಂದೆ ನೆಲೆನಿಂತ ಮಾಗಡಿಗೆ ಹೋಗುವ ಹಾದಿ ಇದು. ಬಸ್ಸಿನಲ್ಲಿ ಕಂಡಕ್ಟರ್ ‘ಟೋಲ್‌ಗೇಟ್, ಹೌಸಿಂಗ್ ಬೋರ್ಡ್, ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆ’ ಎಂದು ಒಂದೇ ಉಸಿರಿಗೆ ಕೂಗುವಾಗ ಪಶ್ಚಿಮ ಬೆಂಗಳೂರಿನ ದುಡಿಯುವ ಜನರ ವಿಳಾಸಗಳು ಒಂದಾದ ಮೇಲೊಂದು ಕಿವಿಗೆ ಬೀಳುತ್ತವೆ. ಪಕ್ಕದ ರಾಜಾಜಿನಗರ ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೈಗಾರಿಕಾ ಉಪನಗರವಾಗಿ ಎದ್ದಿತು. ಆಮೇಲೆ ಆಚೆಗೆ ಪೀಣ್ಯ ಬೆಳೆಯಿತು. ಕಾರ್ಖಾನೆಗಳಿಗೆ ಬೇಕಾದ ಸಣ್ಣಪುಟ್ಟ ಬಿಡಿಭಾಗಗಳನ್ನು ಮಾಡಿಕೊಡುವ ಜಾಬ್‌ವರ್ಕ್ ಶೆಡ್ಡುಗಳು ಕಾಮಾಕ್ಷಿಪಾಳ್ಯದ ಮನೆಗಳ ನಡುವೆಯೇ ಬಂದು ಕೂತವು. ಕೆಳಗೆ ಲೇಥು, ಮೇಲೆ ಸಂಸಾರ. ಒಂದು ಗೋಡೆಯ ಈಚೆ ಕುಕ್ಕರ್ ಕೂಗಿದರೆ ಆಚೆ ಪ್ರೆಸ್ ಮೆಷಿನ್ ಬಡಿಯುತ್ತಿರುತ್ತದೆ. ಪೌಡರ್ ಕೋಟಿಂಗ್, ಪ್ಲೇಟಿಂಗ್, ಪ್ಲಾಸ್ಟಿಕ್ ಮೋಲ್ಡಿಂಗ್, ವೆಲ್ಡಿಂಗ್ ಎಲ್ಲವೂ ಒಂದೇ ಸಾಲಿನಲ್ಲಿ ಸಿಗುವ ಬೀದಿಗಳು ಇಲ್ಲಿವೆ.

ಶೆಡ್ಡುಗಳ ಸದ್ದಿನ ಬಗ್ಗೆ ದೂರುವವರು ಇದ್ದಾರೆ. ಅವರ ದೂರಿನಲ್ಲಿ ಸತ್ಯವೂ ಇದೆ. ಆದರೆ ಈ ಶೆಡ್ಡುಗಳು ಕೊಡುವ ಒಂದು ಸುಖ ಜಯನಗರದಲ್ಲಾಗಲಿ ಇಂದಿರಾನಗರದಲ್ಲಾಗಲಿ ಸುಲಭಕ್ಕೆ ಸಿಗದು. ಗೇಟಿನ ಕೀಲು ಸವೆದರೆ, ಮಗುವಿನ ಸೈಕಲ್ಲಿನ ಸ್ಟ್ಯಾಂಡ್ ಮುರಿದರೆ, ಅಜ್ಜಿಯ ಕಾಲದ ಕಬ್ಬಿಣದ ಬಾಣಲೆಯ ಹಿಡಿ ಕಿತ್ತುಬಂದರೆ ಎಸೆಯುವ ಮಾತೇ ಇಲ್ಲ. ಕೈಯಲ್ಲಿ ಹಿಡಿದುಕೊಂಡು ಹಿಂದಿನ ಬೀದಿಗೆ ಹೋದರೆ ಸಾಕು. ‘ಅಣ್ಣಾ, ಇದೊಂಚೂರು ವೆಲ್ಡಿಂಗ್ ಮಾಡ್ಕೊಡ್ತೀರಾ?’ ಎಂದರೆ, ‘ಇಟ್ಟೋಗಮ್ಮ, ಸಂಜೆ ಬಾ’ ಎನ್ನುತ್ತಾರೆ. ಸಂಜೆ ಹೋದಾಗ ಬಾಣಲೆ ಹೊಸ ಹಿಡಿಯೊಂದಿಗೆ ಕಾದಿರುತ್ತದೆ. ಕೊಟ್ಟ ದುಡ್ಡು ಒಂದು ಕಾಫಿ ತಿಂಡಿಗಿಂತ ಹೆಚ್ಚಾಗಿರುವುದಿಲ್ಲ. ಮೈಕ್ರಾನ್ ಲೆಕ್ಕದಲ್ಲಿ ಲೋಹ ಕೊರೆಯುವ ಕೈ ಒಂದು ಬಾಣಲೆಯನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿಯುವುದನ್ನು ನೋಡಿದಾಗ ಮನಸ್ಸು ತುಂಬುತ್ತದೆ.

ಅದೇ ಕೈಗಳು ಹತ್ತೂವರೆ ಹನ್ನೊಂದರ ಹೊತ್ತಿಗೆ ಟೀ ಅಂಗಡಿಯ ಮುಂದೆ ಗ್ಲಾಸು ಹಿಡಿದಿರುತ್ತವೆ. ಗ್ರೀಸು ಮೆತ್ತಿದ ನೀಲಿ ಅಂಗಿಯ ಟರ್ನರ್, ಟೂಲ್ ರೂಮಿನ ಹಿರಿಯರು, ಐಟಿಐ ಮುಗಿಸಿ ಈಗಷ್ಟೇ ಸೇರಿದ ಹುಡುಗರು ಒಂದೇ ಕಡೆ ನಿಂತು ಬೈ ಟೂ ಹೇಳುತ್ತಾರೆ. ಮಾತು ಆರ್ಡರ್ ತಡವಾದದ್ದರಿಂದ ಶುರುವಾಗಿ, ಊರಿನಲ್ಲಿ ಮಳೆ ಬಂತೋ ಇಲ್ಲವೋ ಎನ್ನುವಲ್ಲಿಗೆ ಬರುತ್ತದೆ. ಆ ಊರುಗಳು ಮಾಗಡಿ, ಕುಣಿಗಲ್, ಹಾಸನ, ಮಂಡ್ಯದಿಂದ ಹಿಡಿದು ಉತ್ತರ ಕರ್ನಾಟಕದವರೆಗೆ ಹರಡಿವೆ. ಕನ್ನಡದ ಇಷ್ಟೊಂದು ಬಗೆಗಳು ಒಂದೇ ಟೀ ಅಂಗಡಿಯ ಮುಂದೆ ಕೇಳಸಿಗುವುದು ನನಗೆ ಈ ಬಡಾವಣೆಯ ದೊಡ್ಡ ಸಂಪತ್ತು ಎನಿಸಿದೆ.

ಆದರೆ ಅವರೆಲ್ಲ ನಿಂತಿರುವುದು ರಸ್ತೆಯಲ್ಲಿ. ನಿಲ್ಲಲು ಬೇರೆ ಜಾಗವಿಲ್ಲ.

ಇಲ್ಲಿನ ಫುಟ್‌ಪಾತ್ ಎಂದರೆ ಬಹುಪಾಲು ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿ. ಒಂದು ಚಪ್ಪಡಿ ಎದ್ದಿದೆ, ಇನ್ನೊಂದು ಅಲ್ಲಾಡುತ್ತದೆ, ಮೂರನೆಯದು ಕೇಬಲ್ ಹಾಕುವವರು ತೆಗೆದು ಪಕ್ಕಕ್ಕಿಟ್ಟು ಮರೆತದ್ದು. ಅದನ್ನು ದಾಟಿದರೆ ಟ್ರಾನ್ಸ್‌ಫಾರ್ಮರ್, ಅದರಾಚೆ ಮನೆ ಕಟ್ಟುವವರ ಜಲ್ಲಿ ಮತ್ತು ಎಂ ಸ್ಯಾಂಡ್ ರಾಶಿ, ಅದರಾಚೆ ಸಾಲಾಗಿ ನಿಲ್ಲಿಸಿದ ಬೈಕುಗಳು. ಸಂಜೆಯ ಟ್ರಾಫಿಕ್ಕಿನಲ್ಲಿ ಉಳಿದ ಅಂಗೈಯಗಲದ ಜಾಗಕ್ಕೂ ಸ್ಕೂಟರುಗಳು ಹತ್ತುತ್ತವೆ. ಫುಟ್‌ಪಾತಿನ ಮೇಲೆ ನಡೆಯುತ್ತಿರುವ ವಯಸ್ಸಾದವರ ಬೆನ್ನಿಗೆ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸುವುದಕ್ಕಿಂತ ಹೆಚ್ಚು ಮನಸ್ಸು ನೋಯಿಸುವ ದೃಶ್ಯ ಈ ಊರಿನಲ್ಲಿ ನಾನು ಕಂಡಿಲ್ಲ. ಹಾಗೆ ಹತ್ತಿಸುವವರು ದುಷ್ಟರಲ್ಲ. ಮನೆಗೆ ಬಂದ ಮೇಲೆ ಅವರೂ ಹಿರಿಯರಿಗೆ ಎದ್ದು ಕುರ್ಚಿ ಕೊಡುವವರೇ. ಹ್ಯಾಂಡಲ್ ಹಿಡಿದಾಗ ಮಾತ್ರ ಆ ಮರ್ಯಾದೆ ಎಲ್ಲಿಗೆ ಹೋಗುತ್ತದೆ ಎಂದು ಸವಾರರೆಲ್ಲರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ನಡೆಯುವ ಜಾಗ ಯಾರೋ ದಯೆಯಿಂದ ಕೊಡುವಂಥದ್ದಲ್ಲ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಪಾದಚಾರಿಗಳಿಗೆ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕೆನ್ನುತ್ತದೆ. ಇಬ್ಬರು ಎದುರುಬದುರಾಗಿ ಬಂದರೂ, ಗಾಲಿಕುರ್ಚಿ ಬಂದರೂ ಸಾಗಬಹುದಾದ ಅಗಲ ಅದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಒತ್ತುವರಿಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನೊಳಗೇ ಸೇರಿದೆ ಎಂದು ಹೇಳಿತು. ದೆಹಲಿಯಲ್ಲಿ ಹೇಳಿದ ಆ ಮಾತು ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿನವರೆಗೆ ಬರಬೇಕಾಗಿದೆ.

ಒತ್ತುವರಿ ಎಂದಕೂಡಲೇ ಅಧಿಕಾರಿಗಳ ಕಣ್ಣು ಮೊದಲು ಬೀಳುವುದು ಬೀದಿಬದಿ ವ್ಯಾಪಾರಿಗಳ ಮೇಲೆ. ಅದು ನ್ಯಾಯವಲ್ಲ. ಇದನ್ನು ಹೇಳಲು ಅವರೆಕಾಯಿಯ ವಿಷಯಕ್ಕೆ ಬರಬೇಕು.

ಚಳಿ ಹಿಡಿದು, ಇಬ್ಬನಿ ಬೀಳಲು ಶುರುವಾದರೆ ಮಾಗಡಿ ಸೀಮೆಯ ಸೊಗಡಿನ ಅವರೆ ಬೆಂಗಳೂರಿಗೆ ಇಳಿಯುತ್ತದೆ. ಊರಿನೊಳಕ್ಕೆ ಅದು ಬರುವುದು ಈ ರಸ್ತೆಯಲ್ಲೇ. ಹಾಗಾಗಿ ನಮ್ಮ ಪಾಲು ನಮಗೆ ಬೇಗ ಸಿಗುತ್ತದೆ. ಗೋಣಿಚೀಲ ಬಿಚ್ಚಿ ಸುರಿದ ಕಾಯಿಯ ಮೇಲೆ ಹಸಿ ಮಣ್ಣಿನ ತೇವ ಇರುತ್ತದೆ. ಎರಡು ಕಾಯಿ ಕೈಗೆ ತೆಗೆದುಕೊಂಡರೆ ಬೆರಳಿಗೆ ಅಂಟುವ ಜಿಡ್ಡು, ಆ ಜಿಡ್ಡಿನ ಘಮ. ಹೈಬ್ರಿಡ್ ಕಾಯಿ ವರ್ಷವಿಡೀ ಸಿಗಬಹುದು, ಅದಕ್ಕೆ ಈ ಘಮ ಇಲ್ಲ. ಮಾರುವ ತಾಯಂದಿರು ‘ಮೂಸ್ನೋಡವ್ವ, ಆಮೇಲೆ ತಗೊ’ ಎಂದು ಕಾಯನ್ನು ಮೂಗಿನ ಹತ್ತಿರಕ್ಕೇ ಹಿಡಿಯುತ್ತಾರೆ. ಕೊಂಡು ತಂದ ಮೇಲೆ ಮನೆಮಂದಿಯೆಲ್ಲ ಕೂತು ಬಿಡಿಸಬೇಕು, ರಾತ್ರಿ ನೆನೆಹಾಕಬೇಕು, ಬೆಳಿಗ್ಗೆ ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆ ತೆಗೆಯಬೇಕು. ಬಾಗಿಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂತರೆ ಎದುರುಮನೆಯವರೂ ಬಂದು ಕೈ ಜೋಡಿಸುತ್ತಾರೆ. ಹಿತುಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಅಕ್ಕಿರೊಟ್ಟಿಗೆ ಹಾಕಿದ ಕಾಳು. ಡಿಸೆಂಬರ್, ಜನವರಿಯಲ್ಲಿ ಇಡೀ ಬೀದಿಯ ಅಡುಗೆಮನೆಗಳಿಂದ ಒಂದೇ ವಾಸನೆ. ಬಿಡಿಸಿಟ್ಟ ಬೇಳೆ ಈಗ ಪ್ಯಾಕೆಟ್ಟಿನಲ್ಲೂ ಸಿಗುತ್ತದೆ, ಕೆಲಸಕ್ಕೆ ಹೋಗುವವರಿಗೆ ಅದು ಅನುಕೂಲವೇ. ಆದರೂ ಮೆಟ್ಟಿಲ ಮೇಲೆ ನಡೆಯುವ ಆ ಹರಟೆಯನ್ನು ಪ್ಯಾಕೆಟ್ ತರುವುದಿಲ್ಲ.

ಈ ಸುಖವನ್ನು ಮನೆಬಾಗಿಲಿಗೆ ತರುವವರು ರಸ್ತೆಬದಿಯಲ್ಲಿ ಕೂತು ಮಾರುವವರು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವರ ಸಮೀಕ್ಷೆ ಮಾಡಿ, ಗುರುತಿನ ಪತ್ರ ಕೊಟ್ಟು, ಮಾರಾಟ ವಲಯ ಗುರುತಿಸಬೇಕೆಂದು ಹೇಳುತ್ತದೆ. ಒಂದು ಗೋಣಿ ಹಾಸಿ ಕೂತವರು ತೆಗೆದುಕೊಳ್ಳುವ ಜಾಗ ಒಂದು ಬೈಕ್ ನಿಲ್ಲುವಷ್ಟು. ಅಂಗಡಿಯವರು ಮುಂದಕ್ಕೆ ಚಾಚಿದ ಕಬ್ಬಿಣದ ಶೀಟು, ಮನೆಯವರು ಕಾರು ಹತ್ತಿಸಲು ಫುಟ್‌ಪಾತಿನ ಮೇಲೆ ಸುರಿದ ಸಿಮೆಂಟ್ ಇಳಿಜಾರು, ಇವು ಎಷ್ಟೋ ಪಟ್ಟು ಹೆಚ್ಚು ಜಾಗ ನುಂಗುತ್ತವೆ. ದಿನದ ಇಪ್ಪತ್ನಾಲ್ಕು ಗಂಟೆಯೂ ನುಂಗುತ್ತವೆ. ಮೊದಲು ಅವನ್ನು ತೆಗೆಯಲಿ.

ಇಲ್ಲಿನ ಬೀದಿಗಳ ಇನ್ನೊಂದು ಸುಖ ಹಬ್ಬ. ಆಯುಧಪೂಜೆಯ ದಿನ ಕಾಮಾಕ್ಷಿಪಾಳ್ಯವನ್ನು ನೋಡಲೆಂದೇ ಬರಬೇಕು. ಬೇರೆ ಕಡೆ ಅದು ಕಾರು, ಬೈಕುಗಳ ಹಬ್ಬ. ಇಲ್ಲಿ ಮೆಷಿನ್ನುಗಳ ಹಬ್ಬ. ಎರಡು ದಿನ ಮುಂಚೆಯೇ ಶೆಡ್ಡು ತೊಳೆದು, ಎಣ್ಣೆ ಕರೆ ಉಜ್ಜಿ, ಲೇಥಿನ ಬೆಡ್ಡನ್ನು ಕನ್ನಡಿಯಂತೆ ಹೊಳೆಯಿಸಿರುತ್ತಾರೆ. ಸ್ಪ್ಯಾನರ್, ವರ್ನಿಯರ್, ಮೈಕ್ರೋಮೀಟರ್‌ಗಳಿಗೂ ಕುಂಕುಮ. ಬಾಳೆಕಂಬ, ಸೇವಂತಿಗೆ ಹಾರ, ಸೀರಿಯಲ್ ಸೆಟ್. ವರ್ಷವಿಡೀ ಒಳಗೆ ಕಾಲಿಡದ ನೆರೆಹೊರೆಯ ಮಕ್ಕಳಿಗೆ ಅಂದು ಬಾಗಿಲು ತೆರೆದಿರುತ್ತದೆ. ಅಪ್ಪ ನಿಂತು ದುಡಿಯುವ ಮೆಷಿನ್ ಯಾವುದೆಂದು ಎಷ್ಟೋ ಮಕ್ಕಳು ಕಾಣುವುದು ಆವತ್ತೇ. ಕಡಲೆಪುರಿ, ಬೂಂದಿ ಸೇರಿಸಿ ಕೊಟ್ಟ ಪೊಟ್ಟಣ ಹಿಡಿದು ಮಕ್ಕಳು ಬೀದಿ ಬೀದಿ ಸುತ್ತುತ್ತಾರೆ. ತಾವು ಮಾಡುವ ಕೆಲಸವನ್ನು ಇಷ್ಟು ಬಹಿರಂಗವಾಗಿ ಗೌರವಿಸಿಕೊಳ್ಳುವ ಇನ್ನೊಂದು ದಿನ ದುಡಿಯುವವರಿಗೆ ಇಲ್ಲ.

ಅದೇ ಸಂಜೆ ರಸ್ತೆಯ ತುಂಬ ಬೂದುಗುಂಬಳ ಒಡೆದುಬಿದ್ದಿರುತ್ತದೆ. ತಿರುಳಿನ ಮೇಲೆ ಟೈರು ಜಾರಿ ದ್ವಿಚಕ್ರದವರು ಉರುಳುತ್ತಾರೆ, ನಡೆಯುವವರು ಸೊಂಟ ಮುರಿದುಕೊಳ್ಳುತ್ತಾರೆ. ಮಾರನೆಯ ಬೆಳಿಗ್ಗೆ ಅದನ್ನೆಲ್ಲ ಬಾಚುವವರು ಪೌರಕಾರ್ಮಿಕರು. ದೃಷ್ಟಿ ತೆಗೆದ ಕುಂಬಳಕಾಯಿಯನ್ನು ಒಡೆದ ಕೂಡಲೇ ಪಕ್ಕಕ್ಕೆ ಎತ್ತಿಟ್ಟರೆ ಪೂಜೆಯ ಫಲ ಕಡಿಮೆಯಾಗುವುದಿಲ್ಲ. ಕೆಲವು ಶೆಡ್ಡಿನವರು ಈಗಾಗಲೇ ಹಾಗೆ ಮಾಡುತ್ತಿದ್ದಾರೆ, ಅವರಿಗೆ ನಮಸ್ಕಾರ.

ಗಣೇಶ, ಅಣ್ಣಮ್ಮ, ರಾಜ್ಯೋತ್ಸವ ಎಂದು ಆಗಸ್ಟಿನಿಂದ ನವೆಂಬರ್ ಮುಗಿಯುವವರೆಗೆ ಬೀದಿಗಳಲ್ಲಿ ಆರ್ಕೆಸ್ಟ್ರಾ ಇರುತ್ತದೆ. ಅದು ಇರಲಿ, ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಹಳೆಯ ಹಾಡು ಕೇಳುವುದೂ ಒಂದು ಸುಖವೇ. ಆದರೆ ರಾತ್ರಿ 10ರ ನಂತರ ಧ್ವನಿವರ್ಧಕ ಬೇಡವೆನ್ನುವ ನಿಯಮ 2000ನೇ ಇಸವಿಯಿಂದಲೂ ಇದೆ. ಮೊದಲ ಪಾಳಿಗೆ ಬೆಳಿಗ್ಗೆ 6ಕ್ಕೆ ಹೋಗುವವರು ಇರುವ ಬಡಾವಣೆಯಲ್ಲಿ ಆ ನಿಯಮಕ್ಕೆ ಹೆಚ್ಚಿನ ಬೆಲೆ ಬೇಕು.

ಮಾಗಡಿ ರಸ್ತೆಯ ಇನ್ನೊಂದು ಹಳೆಯ ಸುಖ ಸಿನಿಮಾ. ವೀರೇಶ್, ಪ್ರಸನ್ನ, ಅಂಜನ್ ಎಂಬ ಹೆಸರುಗಳು ಈ ಭಾಗದ ಎರಡು ತಲೆಮಾರುಗಳ ಭಾನುವಾರಗಳಲ್ಲಿ ಬೆರೆತಿವೆ. ಲುಂಗಿ, ಪಂಚೆ, ಗ್ರೀಸಿನ ಅಂಗಿ ಯಾವುದರಲ್ಲಿ ಹೋದರೂ ಅಲ್ಲಿ ಟಿಕೆಟ್ ಕೇಳುತ್ತಿದ್ದರೇ ಹೊರತು ಬಟ್ಟೆ ನೋಡುತ್ತಿರಲಿಲ್ಲ. ಇದೇ ರಸ್ತೆಯ ಮಾಲ್ ಒಂದರಲ್ಲಿ 2024ರ ಜುಲೈನಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಜನ ಪ್ರತಿಭಟಿಸಿದರು, ವಿಧಾನಸಭೆಯಲ್ಲಿ ಮಾತಾಯಿತು, ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಆ ಸಿಟ್ಟು ಸರಿಯಾಗಿತ್ತು. ಪಂಚೆಯಲ್ಲಿ ಬರುವವರು ಬೆಳೆದ ಅವರೆಯನ್ನೇ ಈ ರಸ್ತೆ ಉಣ್ಣುತ್ತಿದೆ.

ಸುಖಗಳನ್ನಷ್ಟೇ ಹೇಳಿ ವೃಷಭಾವತಿಯ ವಿಷಯ ಹೇಳದಿದ್ದರೆ ಲೇಖನ ಸುಳ್ಳಾಗುತ್ತದೆ. ಬೆಂಗಳೂರಿನೊಳಗೇ ಹುಟ್ಟಿ, ಊರಿನ ಪಶ್ಚಿಮ ಭಾಗವನ್ನು ಹಾದು ಕೆಂಗೇರಿಯ ಕಡೆಗೆ ಹರಿದು ಮುಂದೆ ಅರ್ಕಾವತಿಗೆ ಸೇರುವ ನದಿ ಅದು. ನಮ್ಮ ಬಡಾವಣೆಯ ಪಕ್ಕದಲ್ಲಿ ಅದನ್ನು ಎಲ್ಲರೂ ಮೋರಿ ಎಂದೇ ಕರೆಯುತ್ತಾರೆ. ಮನೆಗಳ ಕೊಳಚೆ, ಕಾರ್ಖಾನೆಗಳ ರಾಸಾಯನಿಕ ಎರಡೂ ಸೇರಿ ಬರುವ ಆ ನಾತಕ್ಕೆ ಇಲ್ಲಿನವರು ಮೂಗು ಒಗ್ಗಿಸಿಕೊಂಡಿದ್ದಾರೆ. ಕಾಮಾಕ್ಷಿಪಾಳ್ಯದ ಕೆರೆಯೂ ಬೆಂಗಳೂರು ಕಳೆದುಕೊಂಡ ಕೆರೆಗಳ ಸಾಲಿಗೆ ಸೇರಿ ಮೈದಾನವಾಗಿದೆ. ಸಂಜೆ ಅಲ್ಲಿ ಹುಡುಗರು ಕ್ರಿಕೆಟ್ ಆಡುವುದು ನೋಡಲು ಚೆಂದವೇ. ಮಳೆಗಾಲದಲ್ಲಿ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ತಗ್ಗಿನ ಮನೆಗಳಿಗೆ ನುಗ್ಗಿದಾಗ ಮಾತ್ರ ಆ ಕೆರೆಯ ಬೆಲೆ ತಿಳಿಯುತ್ತದೆ. ಕೆಲಸ ಕೊಡುವ ಶೆಡ್ಡುಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆಸಿಡ್ಡಿನ ನೀರನ್ನು ಸಂಸ್ಕರಿಸದೆ ಮೋರಿಗೆ ಬಿಡುವ ಪ್ಲೇಟಿಂಗ್ ಘಟಕವನ್ನು ಮೆಚ್ಚಲಾರೆ. ನದಿಯ ಕೆಳಹರಿವಿನಲ್ಲಿರುವ ಬೈರಮಂಗಲದ ರೈತರು ಅದೇ ನೀರಿನಲ್ಲಿ ಬೆಳೆ ತೆಗೆಯಬೇಕಾಗಿ ಬಂದಿದೆ.

ಬಸ್ಸಿನ ಬಗ್ಗೆ ಒಂದು ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಗಾರ್ಮೆಂಟ್ಸಿಗೆ, ಮನೆಗೆಲಸಕ್ಕೆ ಹೋಗುವ ಹೆಂಗಸರ ಕೈಯಲ್ಲಿ ತಿಂಗಳಿಗೆ ಒಂದಷ್ಟು ದುಡ್ಡು ಉಳಿಯುತ್ತಿದೆ. ಮೊದಲು ನಡೆದೇ ಹೋಗುತ್ತಿದ್ದ ದೂರಕ್ಕೆ ಈಗ ಬಸ್ ಹತ್ತುತ್ತಾರೆ. ಆದರೆ ಸ್ಟಾಪಿನ ಮುಂದೆ ಆಟೊ, ಗೂಡ್ಸ್ ಗಾಡಿಗಳು ನಿಂತಿರುವುದರಿಂದ ಬಸ್ಸು ರಸ್ತೆಯ ನಡುವೆಯೇ ನಿಲ್ಲುತ್ತದೆ. ಕಂಕುಳಲ್ಲಿ ಮಗು, ಕೈಯಲ್ಲಿ ಬುತ್ತಿಚೀಲ ಇರುವವರು ಬೈಕುಗಳ ನಡುವೆ ನುಸುಳಿ ಓಡಬೇಕು. ಸ್ಟಾಪಿನ ಜಾಗವನ್ನು ಖಾಲಿ ಇಡಿಸಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಪೊಲೀಸರೊಬ್ಬರು ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನಿಂತರೆ ಆಗುವ ಕೆಲಸ.

ಇದನ್ನೆಲ್ಲ ಈಗಲೇ ಹೇಳಲು ಕಾರಣವಿದೆ. ಮೆಟ್ರೋ ನೇರಳೆ ಮಾರ್ಗ 2015ರ ನವೆಂಬರ್‌ನಲ್ಲಿ ಮಾಗಡಿ ರಸ್ತೆ, ಹೊಸಹಳ್ಳಿ, ವಿಜಯನಗರಕ್ಕೆ ಬಂತು; ಕಾಮಾಕ್ಷಿಪಾಳ್ಯ ಪಕ್ಕದಲ್ಲೇ ಉಳಿಯಿತು. ಈಗ ನಮ್ಮ ಸರದಿ. ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟ್ 16ರಂದು ಒಪ್ಪಿಗೆ ಕೊಟ್ಟಿತು, 2025ರ ಆಗಸ್ಟ್ 10ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ಇದರ ಎರಡನೇ ಕಾರಿಡಾರ್ ಹೊಸಹಳ್ಳಿಯಿಂದ ಕಡಬಗೆರೆವರೆಗೆ ಸುಮಾರು 12.5 ಕಿಲೋಮೀಟರ್, 9 ನಿಲ್ದಾಣ, ಪೂರ್ತಿ ಮಾಗಡಿ ರಸ್ತೆಯ ಮೇಲೆಯೇ. ಕಾಮಾಕ್ಷಿಪಾಳ್ಯವೂ ಅದರಲ್ಲಿ ಒಂದು ನಿಲ್ದಾಣ. ರೈಲು ಬರಲಿ, ಬೇಗ ಬರಲಿ. ಆದರೆ ಮೆಟ್ರೋ ಕಟ್ಟಿದ ಬೇರೆ ರಸ್ತೆಗಳನ್ನು ಬೆಂಗಳೂರಿಗರೆಲ್ಲ ನೋಡಿದ್ದಾರೆ: ತಗಡಿನ ಬ್ಯಾರಿಕೇಡ್ ರಸ್ತೆಯ ಮಧ್ಯಕ್ಕೆ ಬರುತ್ತದೆ, ಗಾಡಿಗಳು ಅಂಚಿಗೆ ಸರಿಯುತ್ತವೆ, ನಡೆಯುವವರು ಚರಂಡಿಗೆ ಇಳಿಯುತ್ತಾರೆ. ಅದು ಒಂದೆರಡು ತಿಂಗಳ ಮಾತಲ್ಲ, ವರ್ಷಗಳ ಮಾತು. ಈಗಿರುವ ಚೂರುಪಾರು ಫುಟ್‌ಪಾತೂ ಹೋದರೆ ನಡೆದು ಬದುಕುವ ಈ ಬಡಾವಣೆ ಗಾಡಿಗಳಿಗೆ ಶರಣಾಗುತ್ತದೆ. ಆಮೇಲೆ ನಿಲ್ದಾಣ ಎದ್ದು ನಿಂತರೂ ಅಲ್ಲಿಗೆ ನಡೆದು ಹೋಗುವ ದಾರಿ ಇರುವುದಿಲ್ಲ.

ಆದ್ದರಿಂದ ಕಾಮಾಕ್ಷಿಪಾಳ್ಯ, ಕಾವೇರಿಪುರ, ಬಸವೇಶ್ವರನಗರದ ಓದುಗರಲ್ಲಿ ಒಂದು ವಿನಂತಿ. ಬೆಂಗಳೂರು ಪಶ್ಚಿಮ ನಗರಪಾಲಿಕೆಗೂ ಮೆಟ್ರೋ ನಿಗಮಕ್ಕೂ ಈಗಲೇ ಬರೆಯಿರಿ. ಬ್ಯಾರಿಕೇಡ್ ಹಾಕುವ ಮೊದಲು ಎರಡೂ ಬದಿಯಲ್ಲಿ 1.8 ಮೀಟರ್ ನಡಿಗೆ ದಾರಿ ಬಿಡಬೇಕು ಎನ್ನುವುದು ಗುತ್ತಿಗೆದಾರರ ಕರಾರಿನಲ್ಲೇ ಇರಲಿ ಎಂದು ಕೇಳಿ. ಅವರೆಕಾಯಿ ಮಾರುವವರಿಗೆ, ಟೀ ಅಂಗಡಿಯವರಿಗೆ ಎಲ್ಲಿ ಜಾಗ ಕೊಡುತ್ತೀರಿ ಎಂದೂ ಅದೇ ಪತ್ರದಲ್ಲಿ ಕೇಳಿ. ಪತ್ರಕ್ಕೆ ಬೀದಿಯವರೆಲ್ಲರ ಸಹಿ ಇರಲಿ. ಶೆಡ್ಡುಗಳ ಮಾಲೀಕರದ್ದೂ, ಅಲ್ಲಿ ದುಡಿಯುವವರದ್ದೂ.