ಆಟದ ಪೆಟ್ಟಿಗೆಗಳ ಪೈಪೋಟಿಯಲ್ಲಿ ಗ್ರಾಹಕ ಗೆದ್ದನೇ?

ಪ್ಲೇಸ್ಟೇಷನ್ ಮೇಲೋ, ಎಕ್ಸ್‌ಬಾಕ್ಸ್ ಮೇಲೋ, ನಿಂಟೆಂಡೊ ಸ್ವಿಚ್ ಮೇಲೋ ಎಂಬ ಚರ್ಚೆ ಕಾಲೇಜು ಹುಡುಗರ ಹರಟೆಗೆ ಸೇರಿದ್ದೆಂದು ಹಿರಿಯರು ಭಾವಿಸುವುದುಂಟು. ಆದರೆ 2021ರ ಫೆಬ್ರುವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದ ಪ್ಲೇಸ್ಟೇಷನ್ 5ರ ಬೆಲೆ 49,990 ರೂಪಾಯಿಗಳಷ್ಟಿತ್ತು. ಮರುವರ್ಷದ ನವೆಂಬರಿನಲ್ಲಿ ಅದು 54,990 ರೂಪಾಯಿಗೆ ಏರಿತು. ಮಧ್ಯಮ ವರ್ಗದ ಮನೆಯೊಂದಕ್ಕೆ ಇದು ಹಗುರವಾಗಿ ತೆಗೆದುಕೊಳ್ಳುವ ತೀರ್ಮಾನವಲ್ಲ. ಹಳೆಯದಾದಂತೆಲ್ಲ ಅಗ್ಗವಾಗಬೇಕಾದ ವಿದ್ಯುನ್ಮಾನ ವಸ್ತುವೊಂದು ದುಬಾರಿಯಾಗುತ್ತ ಹೋದುದೇಕೆ, ಮೂರು ಬಲಾಢ್ಯ ಕಂಪನಿಗಳ ಪೈಪೋಟಿಯಿಂದ ಗ್ರಾಹಕನಿಗೆ ದಕ್ಕಿದ್ದೇನು ಎಂಬ ಪ್ರಶ್ನೆಗಳು ಅರ್ಥಶಾಸ್ತ್ರದ ವಿದ್ಯಾರ್ಥಿಯನ್ನು ಕೆಣಕದೆ ಇರಲಾರವು.

ಈ ಯಂತ್ರಗಳನ್ನು ಹೋಲಿಸುವವರು ಸಾಮಾನ್ಯವಾಗಿ ಅವುಗಳ ವೇಗ, ಚಿತ್ರದ ಸ್ಪಷ್ಟತೆ, ಸಂಗ್ರಹ ಸಾಮರ್ಥ್ಯಗಳನ್ನು ಮುಂದಿಡುತ್ತಾರೆ. ಆದರೆ ಕಳೆದ ನಾಲ್ಕು ದಶಕಗಳ ಇತಿಹಾಸವನ್ನು ನೋಡಿದರೆ ಯಂತ್ರದ ಶಕ್ತಿಯೊಂದೇ ಗೆಲುವನ್ನು ನಿರ್ಧರಿಸಿದ ಉದಾಹರಣೆಗಳು ವಿರಳ. 2006ರಲ್ಲಿ ಬಂದ ನಿಂಟೆಂಡೊ ವೀ, ಅದೇ ವರ್ಷದ ಪ್ಲೇಸ್ಟೇಷನ್ 3ಕ್ಕಿಂತ ಬಹಳ ದುರ್ಬಲ ಯಂತ್ರವಾಗಿತ್ತು. ಆದರೂ ವೀ 10 ಕೋಟಿಗೂ ಹೆಚ್ಚು ಮಾರಾಟವಾಯಿತು. ಪ್ಲೇಸ್ಟೇಷನ್ 3 ಸುಮಾರು 8.7 ಕೋಟಿಯಲ್ಲಿ ನಿಂತಿತು. ಅಮೆರಿಕದಲ್ಲಿ ಮೊದಲನೆಯದರ ಬೆಲೆ 249 ಡಾಲರ್, ಎರಡನೆಯದು 499 ಡಾಲರಿನಿಂದ ಆರಂಭವಾಗುತ್ತಿತ್ತು. ಕೈ ಬೀಸಿ ಟೆನಿಸ್ ಆಡಬಹುದಾದ ‘ವೀ ಸ್ಪೋರ್ಟ್ಸ್’ ಎಂಬ ಆಟ ಬಹುತೇಕ ದೇಶಗಳಲ್ಲಿ ಯಂತ್ರದ ಜೊತೆಗೇ ಬರುತ್ತಿತ್ತು. ಜನ ಕೊಂಡದ್ದು ಯಂತ್ರವನ್ನಲ್ಲ, ಆಟವನ್ನು.

ಕನ್ಸೋಲ್ ಎಂಬುದನ್ನು ಸಂತೆಮಾಳದಂತೆ ಕಲ್ಪಿಸಿಕೊಂಡರೆ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಒಂದು ಕಡೆ ಆಟ ತಯಾರಿಸುವವರು, ಇನ್ನೊಂದು ಕಡೆ ಆಡುವವರು. ಮಾಳದ ಒಡೆಯ ಇಬ್ಬರನ್ನೂ ಒಂದೆಡೆ ಸೇರಿಸಿ, ನಡೆಯುವ ಪ್ರತಿ ವ್ಯಾಪಾರದಲ್ಲೂ ಸುಂಕ ಎತ್ತುತ್ತಾನೆ. ಡಿಜಿಟಲ್ ಮಾರಾಟದಲ್ಲಿ ಈ ಸುಂಕ ಸಾಮಾನ್ಯವಾಗಿ ಶೇ 30ರಷ್ಟು. ಆದಕಾರಣವೇ ಯಂತ್ರವನ್ನು ತಯಾರಿಕಾ ವೆಚ್ಚಕ್ಕಿಂತ ಕಡಿಮೆಗೆ ಮಾರಿ, ಆಟಗಳ ಮೇಲಿನ ಸುಂಕದಲ್ಲಿ ನಷ್ಟ ತುಂಬಿಕೊಳ್ಳುವುದು ಈ ಉದ್ಯಮದ ಹಳೆಯ ಪದ್ಧತಿ. ಪ್ರಿಂಟರನ್ನು ಅಗ್ಗಕ್ಕೆ ಕೊಟ್ಟು ಶಾಯಿಯಲ್ಲಿ ಹಣ ವಸೂಲು ಮಾಡುವ ವ್ಯಾಪಾರ ನಮಗೆ ಗೊತ್ತಿರುವುದೇ.

ಸುಂಕದ ಕಟ್ಟೆ ಬಂದ ಬಗೆ

ಮೊದಲಿಗೆ ಈ ಸಂತೆಗೆ ಒಡೆಯನ ಹಿಡಿತವಿರಲಿಲ್ಲ. ಅಮೆರಿಕದ ಅಟಾರಿ ಕಂಪನಿ 1977ರಲ್ಲಿ ತಂದ ಯಂತ್ರಕ್ಕೆ ಅಟಾರಿಯೇ ಆಟಗಳನ್ನು ತಯಾರಿಸುತ್ತಿತ್ತು. ಹೆಸರೂ ಇಲ್ಲ, ಪಾಲೂ ಇಲ್ಲವೆಂದು ಬೇಸತ್ತ ಕೆಲವು ಪ್ರೋಗ್ರಾಮರುಗಳು ಹೊರಬಂದು 1979ರಲ್ಲಿ ಆಕ್ಟಿವಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಬೇರೆಯವರ ಯಂತ್ರಕ್ಕೆ ಸ್ವತಂತ್ರವಾಗಿ ಆಟ ತಯಾರಿಸಿದ ಮೊದಲ ಕಂಪನಿ ಅದು. ಅದರ ಯಶಸ್ಸನ್ನು ಕಂಡು ಅನುಭವವಿಲ್ಲದವರೂ ಕಣಕ್ಕಿಳಿದರು. ಅಂಗಡಿಗಳು ಕಳಪೆ ಆಟಗಳಿಂದ ತುಂಬಿಹೋದವು.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ, ಸರಕಿನ ಗುಣಮಟ್ಟ ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆ ಎಂದು ತೋರಿಸಿದ್ದರು. ಈ ವಿಚಾರಕ್ಕಾಗಿಯೇ ಅವರಿಗೆ 2001ರಲ್ಲಿ ನೊಬೆಲ್ ಪುರಸ್ಕಾರದ ಪಾಲು ದೊರೆಯಿತು. 1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ಮಾರುಕಟ್ಟೆ ಕುಸಿದುಬಿದ್ದ ಬಗೆ ಆ ಸಿದ್ಧಾಂತಕ್ಕೆ ಬರೆದ ಭಾಷ್ಯದಂತಿದೆ. ಮಾರಾಟವಾಗದ ‘ಇ.ಟಿ.’ ಆಟದ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೊ ರಾಜ್ಯದ ಕಸದ ಗುಂಡಿಯೊಂದರಲ್ಲಿ ಹೂಳಲಾಯಿತು. 2014ರಲ್ಲಿ ಅಗೆದಾಗ ಅವು ಮತ್ತೆ ಹೊರಬಂದವು.

ಈ ಅವಶೇಷದ ಮೇಲೆ ಜಪಾನಿನ ನಿಂಟೆಂಡೊ 1985ರಲ್ಲಿ ಅಮೆರಿಕಕ್ಕೆ ಕಾಲಿಟ್ಟಿತು. ಯಂತ್ರದೊಳಗೆ ಬೀಗದಂತಹ ಚಿಪ್ ಒಂದನ್ನು ಇಟ್ಟು, ತನ್ನ ಒಪ್ಪಿಗೆಯಿಲ್ಲದ ಆಟ ಓಡದಂತೆ ಮಾಡಿತು. ಹೊರಗಿನ ಕಂಪನಿ ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟಗಳನ್ನು ತರುವಂತಿಲ್ಲ, ಆ ಆಟವನ್ನು ಎರಡು ವರ್ಷ ಬೇರೆ ಯಂತ್ರಕ್ಕೆ ಕೊಡುವಂತಿಲ್ಲ ಎಂಬ ಕರಾರು ಹಾಕಿತು. ಕಳಪೆ ಸರಕು ನಿಂತಿತು; ‘ಸೂಪರ್ ಮಾರಿಯೊ ಬ್ರದರ್ಸ್’ 4 ಕೋಟಿಗೂ ಹೆಚ್ಚು ಪ್ರತಿಗಳಲ್ಲಿ ಮಾರಾಟವಾಯಿತು. ಆದರೆ ಗುಣಮಟ್ಟದ ಹೆಸರಿನಲ್ಲಿ ಬಂದ ಸುಂಕದ ಕಟ್ಟೆ ಬೇಗನೆ ಏಕಸ್ವಾಮ್ಯದ ಕೋಟೆಯಾಯಿತು. ಅಂಗಡಿಯವರು ಬೆಲೆ ಇಳಿಸದಂತೆ ಒತ್ತಡ ಹೇರಿದ ಆರೋಪದ ಮೇಲೆ 1991ರಲ್ಲಿ ನಿಂಟೆಂಡೊ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ರಾಜ್ಯಗಳೊಂದಿಗೆ ರಾಜಿ ಮಾಡಿಕೊಳ್ಳಬೇಕಾಯಿತು. ಗ್ರಾಹಕರಿಗೆ ಸಿಕ್ಕ ಪರಿಹಾರ 5 ಡಾಲರಿನ ಕೂಪನ್. ಅದನ್ನು ಬಳಸಬೇಕಾದರೂ ನಿಂಟೆಂಡೊ ಸರಕನ್ನೇ ಕೊಳ್ಳಬೇಕಿತ್ತು!

ಪೈಪೋಟಿಯ ಸುಗ್ಗಿ

ಕೋಟೆಯನ್ನು ಅಲುಗಾಡಿಸಿದ್ದು ಕಾನೂನಿಗಿಂತ ಹೆಚ್ಚಾಗಿ ಪೈಪೋಟಿ. ಸೆಗಾ ಕಂಪನಿ 1991ರಲ್ಲಿ ‘ಸಾನಿಕ್’ ಆಟವನ್ನು ತಂದು, ಅದನ್ನು ಯಂತ್ರದ ಜೊತೆಗೇ ಕೊಟ್ಟು, ಯಂತ್ರದ ಬೆಲೆಯನ್ನೂ ಇಳಿಸಿತು. ಅದೇ ವರ್ಷ ಸಿ.ಡಿ. ಬಳಸುವ ಯಂತ್ರಕ್ಕಾಗಿ ನಿಂಟೆಂಡೊ ಜೊತೆ ಕೈಜೋಡಿಸಿದ್ದ ಸೋನಿ, ತಮ್ಮ ಯೋಜನೆಯನ್ನು ಶಿಕಾಗೊ ಮೇಳದಲ್ಲಿ ಪ್ರಕಟಿಸಿದ ಮರುದಿನವೇ ನಿಂಟೆಂಡೊ ಫಿಲಿಪ್ಸ್ ಪಾಳಯ ಸೇರಿತು. ಮುಖಭಂಗವಾದ ಸೋನಿ ಸುಮ್ಮನಾಗದೆ 1994ರ ಡಿಸೆಂಬರಿನಲ್ಲಿ ತನ್ನದೇ ಪ್ಲೇಸ್ಟೇಷನ್ ತಂದಿತು. 1995ರ ಮೇ ತಿಂಗಳ ಮೇಳದಲ್ಲಿ ಸೆಗಾ ತನ್ನ ಸ್ಯಾಟರ್ನ್ ಯಂತ್ರಕ್ಕೆ 399 ಡಾಲರ್ ಎಂದರೆ, ಸೋನಿ 299 ಎಂದು ಸಾರಿತು.

ನಿಂಟೆಂಡೊ 64 ದುಬಾರಿ ಕಾರ್ಟ್ರಿಜ್‌ಗೇ ಅಂಟಿಕೊಂಡಿತು. ಸಿ.ಡಿ.ಯಲ್ಲಿ ಹೆಚ್ಚು ಜಾಗ, ಕಡಿಮೆ ಖರ್ಚು. ಅಲ್ಲಿಯವರೆಗೆ ನಿಂಟೆಂಡೊ ಮನೆಯ ಮಗುವಿನಂತಿದ್ದ ‘ಫೈನಲ್ ಫ್ಯಾಂಟಸಿ’ ಸರಣಿಯ ಏಳನೆಯ ಆಟ 1997ರಲ್ಲಿ ಸೋನಿಯ ಪಾಲಾಯಿತು. ಪ್ಲೇಸ್ಟೇಷನ್ 10 ಕೋಟಿ ದಾಟಿದರೆ ನಿಂಟೆಂಡೊ 64 ಸುಮಾರು 3.3 ಕೋಟಿಯಲ್ಲಿ ಉಳಿಯಿತು. 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಸಿನಿಮಾ ಡಿ.ವಿ.ಡಿ.ಗಳನ್ನೂ ಓಡಿಸುತ್ತಿತ್ತು; 16 ಕೋಟಿಗೂ ಹೆಚ್ಚು ಮಾರಾಟವಾದ ಅದರ ದಾಖಲೆಯನ್ನು ಬೇರೆ ಯಾವ ಕನ್ಸೋಲೂ ಸುಲಭವಾಗಿ ಮುಟ್ಟುವಂತಿರಲಿಲ್ಲ. 299 ಡಾಲರಿಗೆ ಅಮೆರಿಕದಲ್ಲಿ ಬಿಡುಗಡೆಯಾದ ಆ ಯಂತ್ರ 2009ರ ವೇಳೆಗೆ 99 ಡಾಲರಿಗೆ ಇಳಿಯಿತು. ಅದೇ ವರ್ಷ ನಮ್ಮಲ್ಲಿ ತಯಾರಾದ ‘ಹನುಮಾನ್: ಬಾಯ್ ವಾರಿಯರ್’ ಮತ್ತು ಚಿಣ್ಣಿದಾಂಡು, ಕಬಡ್ಡಿಗಳನ್ನು ಒಳಗೊಂಡ ‘ದೇಸಿ ಅಡ್ಡಾ’ ಎಂಬ ಆಟಗಳು ಆ ಯಂತ್ರಕ್ಕೆ ಬಂದವು. 2001ರಲ್ಲಿ ಸೆಗಾ ಕನ್ಸೋಲ್ ತಯಾರಿಕೆಯಿಂದ ಹಿಂದೆ ಸರಿಯಿತು. ಅದೇ ವರ್ಷ ‘ಹೇಲೊ’ ಆಟದೊಂದಿಗೆ ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್ ಪ್ರವೇಶಿಸಿತು.

ಈ ಸುಗ್ಗಿಯ ಕಾಲದಲ್ಲಿ ಗ್ರಾಹಕನ ಕೈಯಲ್ಲಿ ಇನ್ನೊಂದು ಅಸ್ತ್ರವಿತ್ತು. ಅದು ಡಿಸ್ಕ್. ಆಡಿ ಮುಗಿಸಿದ ಡಿಸ್ಕನ್ನು ಗೆಳೆಯನಿಗೆ ಕೊಡಬಹುದಿತ್ತು, ಅಂಗಡಿಗೆ ಮಾರಬಹುದಿತ್ತು. ಐದು ಸಾವಿರ ರೂಪಾಯಿಗೆ ಕೊಂಡ ಆಟವನ್ನು ಎರಡೂವರೆ ಸಾವಿರಕ್ಕೆ ಮಾರಿದರೆ ಅದರ ನಿಜವಾದ ಬೆಲೆ ಎರಡೂವರೆ ಸಾವಿರ ಮಾತ್ರ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕ ಕೊಂಡು ಓದಿ, ಮರುವರ್ಷ ಅಲ್ಲೇ ಮಾರಿದ ತಲೆಮಾರುಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ಹೊಸ ಸರಕಿಗೆ ಅದರದೇ ಹಳೆಯ ಪ್ರತಿಯೂ ಪ್ರತಿಸ್ಪರ್ಧಿಯೇ.

2013ರಲ್ಲಿ ಮೈಕ್ರೊಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಮೂಲಕ ಈ ಅಸ್ತ್ರವನ್ನು ಕಸಿಯಲು ಹೊರಟಿತು. ಯಂತ್ರ ದಿನಕ್ಕೊಮ್ಮೆ ಇಂಟರ್‌ನೆಟ್ ಸಂಪರ್ಕಕ್ಕೆ ಬರಬೇಕು, ಡಿಸ್ಕಿನ ಮರುಮಾರಾಟಕ್ಕೆ ನಿರ್ಬಂಧವಿರಬೇಕು ಎಂಬುದು ಅದರ ಯೋಜನೆ. ಸೋನಿ ಇದಕ್ಕೆ ಉತ್ತರವಾಗಿ ಒಂದು ಪುಟ್ಟ ವಿಡಿಯೊ ಬಿಡುಗಡೆ ಮಾಡಿತು. ಅದರಲ್ಲಿ ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕನ್ನು ಕೊಡುತ್ತಾನೆ, ಅಷ್ಟೆ. ಗ್ರಾಹಕರ ಆಕ್ರೋಶಕ್ಕೆ ಮಣಿದು ಮೈಕ್ರೊಸಾಫ್ಟ್ ಕೆಲವೇ ದಿನಗಳಲ್ಲಿ ಯೋಜನೆಯನ್ನು ಕೈಬಿಟ್ಟಿತು. ಪೈಪೋಟಿ ಗ್ರಾಹಕನ ಹಕ್ಕನ್ನು ಕಾಪಾಡಿದ್ದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಗಲಾರದು.

ಕೊಂಡದ್ದು ನಮ್ಮದೇ?

ಮುಂದಿನ ಬಾಗಿಲಿನಿಂದ ಬರಲಾಗದ್ದು ಹಿತ್ತಲಿನಿಂದ ಬಂದಿತು. 2020ರಲ್ಲಿ ಸೋನಿ ಮತ್ತು ಮೈಕ್ರೊಸಾಫ್ಟ್ ಎರಡೂ ಡಿಸ್ಕ್ ಹಾಕುವ ಕಂಡಿಯೇ ಇಲ್ಲದ, ತುಸು ಅಗ್ಗದ ಮಾದರಿಗಳನ್ನು ತಂದವು. 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಸ್ವಿಚ್ 2ರ ಕೆಲವು ಆಟಗಳ ಕಾರ್ಡಿನಲ್ಲಿ ಆಟವೇ ಇಲ್ಲ, ಅದನ್ನು ಇಳಿಸಿಕೊಳ್ಳುವ ಕೀಲಿ ಮಾತ್ರ ಇದೆ. ಈ ಕೀಲಿಯನ್ನಾದರೂ ಮತ್ತೊಬ್ಬರಿಗೆ ಕೊಡಬಹುದು. ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟವನ್ನು ಕೊಡುವಂತಿಲ್ಲ, ಮಾರುವಂತಿಲ್ಲ. ಆಟಗಳ ಸಂಗ್ರಹ ಬೆಳೆದಷ್ಟೂ ಇನ್ನೊಂದು ಕಂಪನಿಯ ಯಂತ್ರಕ್ಕೆ ಹೋಗುವುದು ಕಷ್ಟ. ಹೀಗಾಗಿ ಪೈಪೋಟಿ ನಡೆಯುವುದು ಯಂತ್ರ ಕೊಳ್ಳುವ ದಿನ ಮಾತ್ರ; ಮರುದಿನದಿಂದ ಸಂತೆಗೆ ಒಬ್ಬನೇ ವರ್ತಕ.

ಬೆಲೆಯೂ ಅದನ್ನೇ ಹೇಳುತ್ತದೆ. ಅಮೆರಿಕದಲ್ಲಿ 2020ರಲ್ಲಿ 499 ಡಾಲರ್ ಇದ್ದ ಪ್ಲೇಸ್ಟೇಷನ್ 5 ಐದು ವರ್ಷಗಳ ನಂತರ 549 ಡಾಲರಿಗೆ ಏರಿತು. ಅದೇ ವರ್ಷ ಎಕ್ಸ್‌ಬಾಕ್ಸ್ ಬೆಲೆ ಎರಡು ಬಾರಿ ಏರಿತು. ಚಿಪ್‌ಗಳ ವೆಚ್ಚ ಹಿಂದಿನಂತೆ ಇಳಿಯುತ್ತಿಲ್ಲ, ಆಮದು ಸುಂಕದ ಗೊಂದಲವೂ ಸೇರಿದೆ ಎಂಬುದು ನಿಜ. ಆದರೆ ಗ್ರಾಹಕ ಬೇರೆಡೆಗೆ ಹೋಗಲಾರ ಎಂಬ ಭರವಸೆ ಇಲ್ಲದಿದ್ದರೆ ಏರಿಕೆ ಇಷ್ಟು ಸಲೀಸಾಗುತ್ತಿರಲಿಲ್ಲ.

ಇತ್ತ ಸಂತೆಯ ಒಡೆಯರೇ ದೊಡ್ಡ ವರ್ತಕರನ್ನು ನುಂಗುತ್ತಿದ್ದಾರೆ. ಅಟಾರಿಯ ಹಿಡಿತ ಧಿಕ್ಕರಿಸಿ ಹುಟ್ಟಿದ್ದ ಆಕ್ಟಿವಿಷನ್ 2023ರ ಅಕ್ಟೋಬರಿನಲ್ಲಿ ಸುಮಾರು 6,900 ಕೋಟಿ ಡಾಲರಿಗೆ ಮೈಕ್ರೊಸಾಫ್ಟ್ ಪಾಲಾಯಿತು. ‘ಕಾಲ್ ಆಫ್ ಡ್ಯೂಟಿ’ ಆಟವನ್ನು ಹತ್ತು ವರ್ಷ ಪ್ಲೇಸ್ಟೇಷನ್‌ಗೂ ಒದಗಿಸುವ ಒಪ್ಪಂದವೇನೋ ಆಗಿದೆ. ಮೈಕ್ರೊಸಾಫ್ಟ್ 2024ರಿಂದ ತನ್ನ ಮೀಸಲು ಆಟಗಳನ್ನು ಎದುರಾಳಿಯ ಯಂತ್ರಕ್ಕೂ ಕೊಡತೊಡಗಿದೆ. ಮೀಸಲು ಗೋಡೆ ಕುಸಿಯುವುದು ಸ್ವಾಗತಾರ್ಹವೇ. ಆದರೆ ಸೋನಿ ಯಂತ್ರದಲ್ಲಿ ಕೊಂಡದ್ದು ಎಕ್ಸ್‌ಬಾಕ್ಸಿನಲ್ಲಿ ಓಡದು.

ಕೊಂಡ ಆಟ ಎಷ್ಟು ದಿನ ಬಾಳುತ್ತದೆಂಬುದೂ ಅನಿಶ್ಚಿತ. 2014ರಲ್ಲಿ ಬಂದ ‘ದಿ ಕ್ರೂ’ ಎಂಬ ಕಾರ್ ಓಟದ ಆಟದ ಸರ್ವರುಗಳನ್ನು ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಹಣ ಕೊಟ್ಟು ಕೊಂಡವರ ಡಿಸ್ಕುಗಳೂ ನಿರುಪಯುಕ್ತವಾದವು. ಇದರಿಂದ ಹುಟ್ಟಿದ ಯುರೋಪಿನ ಗ್ರಾಹಕರ ಮನವಿಗೆ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅಮೆರಿಕದಲ್ಲಿ ಹಿಂದೆ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿ ಲಭ್ಯವಿಲ್ಲವೆಂದು ಅಲ್ಲಿನ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ವರದಿ ಮಾಡಿತು.

ತಯಾರಕರ ವಾದವನ್ನೂ ಕೇಳಬೇಕು. ಮರುಮಾರಾಟದಲ್ಲಿ ಆಟ ತಯಾರಿಸಿದವರಿಗೆ ಬಿಡಿಗಾಸೂ ಸಿಗುವುದಿಲ್ಲ. ಡಿಸ್ಕ್ ಮುದ್ರಿಸಿ ಅಂಗಡಿಗಳಿಗೆ ಕಳುಹಿಸುವ ಖರ್ಚಿಲ್ಲದ ಕಾರಣ ನಾಲ್ಕಾರು ಜನರ ಪುಟ್ಟ ತಂಡವೂ ಈಗ ಜಗತ್ತಿಗೆಲ್ಲ ಆಟ ಮಾರಬಲ್ಲದು. ಇವು ಸಣ್ಣ ಲಾಭಗಳಲ್ಲ. ಆದರೆ ಉಳಿತಾಯವಾದ ಖರ್ಚಿನ ಜೊತೆಗೆ ಗ್ರಾಹಕನ ಹಕ್ಕೂ ಕಡಿತವಾಗಬೇಕೆಂಬ ನಿಯಮವೇನಿಲ್ಲ.

ಪರವಾನಗಿ ಮಾತ್ರ ಕೊಡುವಾಗ ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಎಂಬ ಪದ ಬಳಸಕೂಡದೆಂದು ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಕಾನೂನು ಮಾಡಿತು. 2025ರಿಂದ ಅದು ಜಾರಿಯಲ್ಲಿದೆ. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವಿದೆ. ಆನ್‌ಲೈನ್ ವ್ಯಾಪಾರದ ವಂಚಕ ವಿನ್ಯಾಸಗಳ ವಿರುದ್ಧ 2023ರ ನವೆಂಬರಿನಲ್ಲಿ ಹೊರಬಂದ ಮಾರ್ಗಸೂಚಿಯೂ ಇದೆ. ಇವುಗಳ ಚೌಕಟ್ಟಿನಲ್ಲೇ ಮೂರು ಕೆಲಸ ಮಾಡಬಹುದು. ಮೊದಲನೆಯದು, ಪರವಾನಗಿಯನ್ನು ಪರವಾನಗಿಯೆಂದೇ ಕರೆಯುವುದು. ಎರಡನೆಯದು, ಆಟ ಕನಿಷ್ಠ ಎಷ್ಟು ವರ್ಷ ಓಡುತ್ತದೆಂಬುದನ್ನು ಬೆಲೆಯ ಪಕ್ಕದಲ್ಲೇ ನಮೂದಿಸುವುದು. ಮೂರನೆಯದು, ಆಟವನ್ನು ಮನೆಯವರಿಗೆ ಅಥವಾ ಮತ್ತೊಬ್ಬರಿಗೆ ಒಮ್ಮೆಯಾದರೂ ವರ್ಗಾಯಿಸುವ ಅವಕಾಶ. ಇ-ಪುಸ್ತಕ, ಸಿನಿಮಾ, ಹಾಡುಗಳೂ ಇದೇ ಹಾದಿಯಲ್ಲಿರುವುದರಿಂದ ಈ ನಿಯಮ ಆಟಗಳಿಗಷ್ಟೇ ಸೀಮಿತವಾಗಬೇಕಿಲ್ಲ.

ಇನ್ನು, ಯಾವ ಪೆಟ್ಟಿಗೆ ಕೊಳ್ಳಬೇಕೆಂಬ ಪ್ರಶ್ನೆ. ಅತಿ ಹೆಚ್ಚು ಮಾರಾಟವಾದ ಆಟಗಳಾದ ‘ಮೈನ್‌ಕ್ರಾಫ್ಟ್’ (30 ಕೋಟಿಗೂ ಹೆಚ್ಚು) ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಮೂರರಲ್ಲೂ, ‘ಗ್ರ್ಯಾಂಡ್ ಥೆಫ್ಟ್ ಆಟೊ 5’ (20 ಕೋಟಿಗೂ ಹೆಚ್ಚು) ಮೊದಲಿನ ಎರಡರಲ್ಲೂ ಸಿಗುತ್ತವೆ. ಎರಡನೆಯದು ಮಕ್ಕಳಿಗೆ ತಕ್ಕುದಲ್ಲ. ಮನೆಮಂದಿಯೆಲ್ಲ ಸೇರಿ ಆಡುವ ‘ಮಾರಿಯೊ ಕಾರ್ಟ್’ ಬೇಕಾದರೆ ನಿಂಟೆಂಡೊ, ಸಿನಿಮಾದಂತಹ ಕಥನದ ‘ಗಾಡ್ ಆಫ್ ವಾರ್’ ಬೇಕಾದರೆ ಸೋನಿ, ಚಂದಾ ಕಟ್ಟಿ ಹಲವು ಆಟ ಆಡುವುದಾದರೆ ಮೈಕ್ರೊಸಾಫ್ಟ್. ಆದರೆ ಡಿಸ್ಕಿನ ಕಂಡಿ ಇರುವ ಮಾದರಿ ಸಿಗುವಂತಿದ್ದರೆ, ಕೆಲವು ಸಾವಿರ ಹೆಚ್ಚಾದರೂ ಅದನ್ನೇ ಆರಿಸಿಕೊಳ್ಳುವುದು ಲೇಸು. ನಾಲ್ಕೈದು ಆಟಗಳ ಮರುಮಾರಾಟದಲ್ಲಿ ಆ ಹಣ ವಾಪಸಾಗುತ್ತದೆ. ಕೊಂಡದ್ದು ನಮ್ಮದಾಗಿಯೂ ಉಳಿಯುತ್ತದೆ.