ಪ್ರಭಾತ್ ಅಂಗಳದಲ್ಲಿ ಬರೆಯುವವರ ತರಗತಿ

ಪುಣೆಯಲ್ಲಿ ಆಟೊದವರಿಗೆ 'ಫಿಲ್ಮ್ ಇನ್‌ಸ್ಟಿಟ್ಯೂಟ್' ಎಂದರೆ ಸಾಕು, ಬೇರೆ ಗುರುತು ಹೇಳಬೇಕಿಲ್ಲ. ಲಾ ಕಾಲೇಜ್ ರಸ್ತೆಯಲ್ಲಿ, ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಆವರಣದ ಮುಂದೆ ಇಳಿಸಿ ಹೋಗುತ್ತಾರೆ. ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಕಾಲಿಟ್ಟರೆ ಹೊರಗಿನ ಹಾರ್ನ್ ಸದ್ದು ಮರಗಳ ಆಚೆಗೆ ಉಳಿಯುತ್ತದೆ. ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ, ಎಲ್ಲರ ಬಾಯಲ್ಲಿ ಎಫ್‌ಟಿಐಐ, ಇರುವುದು ಇಲ್ಲೇ. ನಾಸಿರುದ್ದೀನ್ ಷಾ, ಓಂ ಪುರಿ, ಜಯಾ ಬಾಧುರಿ ಓದಿದ ಜಾಗ ಎಂದು ಇದನ್ನು ನೋಡಲು ಬರುವವರು ಬಹಳ. ನಾನು ಬಂದದ್ದು ಪರದೆಯ ಮೇಲೆ ಮುಖ ಕಾಣದವರ ಜಾಡು ಹಿಡಿದು. ಸಿನಿಮಾ, ಧಾರಾವಾಹಿಗಳಿಗೆ ಬರೆಯುವುದನ್ನು ಇಲ್ಲಿ ಹೇಗೆ ಕಲಿಸುತ್ತಾರೆ ಎಂಬುದು ನನ್ನ ಕುತೂಹಲ.

ಒಳಗೆ ಮೊದಲು ಕಣ್ಣಿಗೆ ಬೀಳುವುದು ಪ್ರಭಾತ್ ಸ್ಟುಡಿಯೊ. ಉದ್ದನೆಯ, ಎತ್ತರದ, ಶೆಡ್ಡಿನಂಥ ಕಟ್ಟಡ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಬಂತು. ಅದರ ಪಾಲುದಾರರಲ್ಲಿ ಒಬ್ಬರಾದ ವಿ. ಶಾಂತಾರಾಂ ಹುಡುಗನಾಗಿದ್ದಾಗ ನಮ್ಮ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ್ದವರು. ಕಂಪನಿ ಮುಚ್ಚಿದ ಮೇಲೆ ಈ ಜಾಗವನ್ನು ಕೇಂದ್ರ ಸರ್ಕಾರ ಕೊಂಡು 1960ರಲ್ಲಿ ಸಂಸ್ಥೆ ಆರಂಭಿಸಿತು. ಅಂದು ಚಿತ್ರೀಕರಣ ನಡೆದ ನೆಲದ ಮೇಲೆಯೇ ಇಂದಿಗೂ ವಿದ್ಯಾರ್ಥಿಗಳ ಸೆಟ್ಟುಗಳು ಏಳುತ್ತವೆ, ಬೀಳುತ್ತವೆ.

ಪಕ್ಕದ ಪ್ರಭಾತ್ ಮ್ಯೂಸಿಯಂನಲ್ಲಿ ಹಳೆಯ ಪೋಸ್ಟರು, ವೇಷಭೂಷಣ, ಪರಿಕರಗಳಿವೆ. ಬಂದವರು ಕಿರೀಟ, ಕತ್ತಿಗಳ ಮುಂದೆ ನಿಲ್ಲುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು 'ಸಂತ ತುಕಾರಾಂ' ಎಂಬ ಹೆಸರು. 1936ರ ಆ ಚಿತ್ರವನ್ನು ನಿರ್ದೇಶಿಸಿದವರು ದಾಮ್ಲೆ ಮತ್ತು ಫತ್ತೇಲಾಲ್, ಬರೆದವರು ಶಿವರಾಮ ವಾಶೀಕರ್. ಅಭಂಗಗಳನ್ನು ಬಿಟ್ಟುಹೋದ ಒಬ್ಬ ಸಂತನ ಬದುಕಿನಲ್ಲಿ, ಹಸಿದ ಮಕ್ಕಳನ್ನು ಸಾಕಬೇಕಾದ ಹೆಂಡತಿಯ ಸಿಟ್ಟಿಗೆ ಅಷ್ಟೇ ತೂಕದ ಜಾಗ ಕೊಟ್ಟ ಚಿತ್ರಕಥೆ ಅದು. ಭಕ್ತಿಚಿತ್ರ ಇಂದಿಗೂ ಬಾಡದೆ ನಿಂತಿರುವುದು ಆ ಹೆಂಡತಿಯ ಪಾತ್ರದಿಂದ ಎಂದು ನನಗೆ ಅನ್ನಿಸುತ್ತದೆ. ಮರುವರ್ಷ ಬಂದ 'ಕುಂಕೂ' ಚಿತ್ರಕ್ಕೆ ಕಾದಂಬರಿಕಾರ ನಾರಾಯಣ ಹರಿ ಆಪ್ಟೆ ತಮ್ಮದೇ ಕಾದಂಬರಿಯನ್ನು ಚಿತ್ರಕಥೆಯಾಗಿ ಮರಳಿ ಬರೆದುಕೊಟ್ಟರು. ಅಂದರೆ ಈ ಅಂಗಳದಲ್ಲಿ ಪಾಠಶಾಲೆ ಶುರುವಾಗುವ ಮೊದಲೇ ಬರವಣಿಗೆಗೆ ಸಂಬಳವಿತ್ತು, ಮರ್ಯಾದೆಯೂ ಇತ್ತು.

ಮ್ಯೂಸಿಯಂ ದಾಟಿ ನಡೆದರೆ ಆ ಪ್ರಸಿದ್ಧ ಮಾವಿನ ಮರ. ಎಲ್ಲರೂ ಅದನ್ನು 'ವಿಸ್ಡಮ್ ಟ್ರೀ' ಎನ್ನುತ್ತಾರೆ. ಸುತ್ತ ಕಟ್ಟೆ, ಕಟ್ಟೆಯ ಮೇಲೆ ಯಾವ ಹೊತ್ತಿಗೂ ನಾಲ್ಕು ಜನ, ನಡುವೆ ಚಹಾದ ಲೋಟಗಳು. 1960ರ ದಶಕದ ಮಧ್ಯದಲ್ಲಿ ಇಲ್ಲಿ ಉಪಪ್ರಾಂಶುಪಾಲರಾಗಿದ್ದ ಋತ್ವಿಕ್ ಘಟಕ್ ಇದರ ಕೆಳಗೆ ಕೂತು ಮಾತಾಡುತ್ತಿದ್ದರು. ಮಣಿ ಕೌಲ್, ಕುಮಾರ್ ಶಹಾನಿ, ಜಾನ್ ಅಬ್ರಹಾಂ ಕೇಳಿಸಿಕೊಳ್ಳುತ್ತಿದ್ದರು. ಘಟಕ್ ಎಂದರೆ ಬಂಗಾಳದ ದೊಡ್ಡ ನಿರ್ದೇಶಕ ಎಂದು ಎಲ್ಲರಿಗೂ ಗೊತ್ತು. ಬಿಮಲ್ ರಾಯ್ ಅವರ 'ಮಧುಮತಿ'ಯನ್ನು, 1958ರ ಆ ಜನಪ್ರಿಯ ಪುನರ್ಜನ್ಮದ ಕಥೆಯನ್ನು ಬರೆದವರೂ ಅವರೇ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ತಮಗೆ ಬೇಕಾದ ಸಿನಿಮಾವನ್ನೂ ಬೇರೆಯವರಿಗೆ ಬೇಕಾದ ಸಿನಿಮಾವನ್ನೂ ಬರೆಯಬಲ್ಲವರು ಮೇಷ್ಟರಾಗಿದ್ದರು ಎನ್ನುವುದು ಈ ಜಾಗದ ಭಾಗ್ಯ.

ಕನ್ನಡಿಗರಿಗೂ ಈ ಕಟ್ಟೆಯ ಮೇಲೆ ಹಕ್ಕಿದೆ. 1974-75ರಲ್ಲಿ ಸಂಸ್ಥೆಯ ನಿರ್ದೇಶಕರಾಗಿದ್ದವರು ಗಿರೀಶ ಕಾರ್ನಾಡ. 'ಸಂಸ್ಕಾರ' ಕಾದಂಬರಿಗೆ ಚಿತ್ರಕಥೆ ಬರೆದು ಬಂದವರು. ಆಗ ಇಲ್ಲಿ ಓದುತ್ತಿದ್ದವರು ಗಿರೀಶ ಕಾಸರವಳ್ಳಿ. ಅವರ ಡಿಪ್ಲೊಮಾ ಚಿತ್ರ 'ಅವಶೇಷ'. ಎರಡೇ ವರ್ಷದಲ್ಲಿ, 1977ರಲ್ಲಿ, ಅವರು ತೆಗೆದ 'ಘಟಶ್ರಾದ್ಧ' ಸ್ವರ್ಣಕಮಲ ತಂದಿತು. ಅನಂತಮೂರ್ತಿ, ತೇಜಸ್ವಿ ಅವರ ಕಥೆಗಳನ್ನು ಪುಟದಿಂದ ಪರದೆಗೆ ತರುವಾಗ ಏನನ್ನು ಬಿಡಬೇಕು, ಏನನ್ನು ಹೊಸದಾಗಿ ಕಟ್ಟಬೇಕು ಎಂಬ ವಿವೇಕವನ್ನು ಕಾಸರವಳ್ಳಿಯವರಷ್ಟು ನಿಷ್ಠೆಯಿಂದ ತೋರಿಸಿದವರು ನಮ್ಮಲ್ಲಿ ಕಡಿಮೆ. ಇಲ್ಲಿನ ಸಿನಿಮಾ ರಸಗ್ರಹಣದ ಪ್ರಾಧ್ಯಾಪಕ ಸತೀಶ ಬಹಾದ್ದೂರ್ ಹೆಗ್ಗೋಡಿಗೂ ಬಂದು, ಕೆ.ವಿ. ಸುಬ್ಬಣ್ಣನವರ ನೀನಾಸಂನಲ್ಲಿ ಹಳ್ಳಿಯ ಜನರಿಗೆ ಸಿನಿಮಾ ನೋಡುವುದನ್ನು ಕಲಿಸಿದರು. ಪುಣೆಗೂ ಮಲೆನಾಡಿಗೂ ನಡುವೆ ಅಂಥ ಓಡಾಟವಿತ್ತು.

ಮರದ ನೆರಳು ಬಿಟ್ಟು ತರಗತಿಗಳ ಕಡೆಗೆ ಹೋಗೋಣ. ಇಲ್ಲೊಂದು ವಿಷಯ ಹೇಳಲೇಬೇಕು. ಈ ಸಂಸ್ಥೆಯ ಮೂರು ವರ್ಷದ ನಿರ್ದೇಶನ ಕೋರ್ಸಿನ ಹೆಸರೇ 'ನಿರ್ದೇಶನ ಮತ್ತು ಚಿತ್ರಕಥಾ ಬರವಣಿಗೆ'. ಬರೆಯುವುದು ನಿರ್ದೇಶಕನ ಕೆಲಸದ ಒಂದು ಭಾಗ ಎಂಬ ನಂಬಿಕೆ ಅದರ ಹಿಂದಿದೆ. ಬರೆಯುವುದಷ್ಟನ್ನೇ ವೃತ್ತಿ ಮಾಡಿಕೊಳ್ಳುವವರಿಗಾಗಿ ಪ್ರತ್ಯೇಕ ಒಂದು ವರ್ಷದ ಕೋರ್ಸು ಬಂದದ್ದು ಈ ಶತಮಾನದ ಮೊದಲ ದಶಕದಲ್ಲಿ. ಅದನ್ನು ರೂಪಿಸಿ ನಿಲ್ಲಿಸುವಲ್ಲಿ 'ದ್ರೋಹಕಾಲ್', 'ಗುಲಾಮ್', 'ದ ಲೆಜೆಂಡ್ ಆಫ್ ಭಗತ್ ಸಿಂಗ್' ಬರೆದ ಅಂಜುಂ ರಾಜಾಬಲಿ ಅವರ ಶ್ರಮ ದೊಡ್ಡದು. ಈಗ ಅದರಲ್ಲಿ ಸಿನಿಮಾದ ಜೊತೆ ಟಿವಿಯೂ ವೆಬ್ ಸರಣಿಯೂ ಸೇರಿವೆ. ಯಾವುದೇ ವಿಷಯದಲ್ಲಿ ಪದವಿ ಪಡೆದವರು ಪ್ರವೇಶ ಪರೀಕ್ಷೆ ಬರೆಯಬಹುದು.

ಬರೆಯುವವರ ತರಗತಿಯಲ್ಲಿ ಕ್ಯಾಮೆರಾ ಇಲ್ಲ, ದೀಪಗಳಿಲ್ಲ. ಕುರ್ಚಿ, ಬೋರ್ಡು, ಲ್ಯಾಪ್‌ಟಾಪು, ಕಾಗದ. ನೋಡುವವರಿಗೆ ಏನೂ ನಡೆಯದಂತೆ ಕಾಣುವ ಜಾಗ. ನಡೆಯುವುದೆಲ್ಲ ತಿದ್ದುವುದರಲ್ಲಿ. ಕಥೆಯ ತಿರುಳನ್ನು ಒಂದೆರಡು ವಾಕ್ಯದಲ್ಲಿ ಹೇಳುವುದು, ಅದನ್ನು ಕೆಲವು ಪುಟಗಳ ಕಥಾಸಾರವಾಗಿ ಬೆಳೆಸುವುದು, ದೃಶ್ಯಗಳ ಸರಣಿ ಹಾಕಿಕೊಳ್ಳುವುದು, ಮಾತಿಲ್ಲದೆ ಪೂರ್ತಿ ಕಥೆಯನ್ನು ಟ್ರೀಟ್‌ಮೆಂಟ್ ರೂಪದಲ್ಲಿ ಬರೆಯುವುದು, ಆಮೇಲೆ ಮೊದಲ ಡ್ರಾಫ್ಟು. ಸಂಭಾಷಣೆಗೆ ಕೈ ಹಾಕುವುದು ಅಷ್ಟು ಹೊತ್ತಿಗೆ. ಒಂದು ಪುಟಕ್ಕೆ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ಲೆಕ್ಕ ಪ್ರಪಂಚದಾದ್ಯಂತ ನಡೆಯುತ್ತದೆ. ಹಾಗಾಗಿ ಇಲ್ಲಿ ಅನಗತ್ಯವಾಗಿ ಉಳಿದ ಪ್ಯಾರಾ ನಾಳೆ ನಿರ್ಮಾಪಕನ ಖರ್ಚಾಗುತ್ತದೆ.

ತಿದ್ದುವುದೆಂದರೆ ಏನೆಂದು ನಾನೇ ಕಟ್ಟಿದ ಒಂದು ಉದಾಹರಣೆಯಿಂದ ಹೇಳುತ್ತೇನೆ. ಹೊಸಬರು ಬರೆಯುತ್ತಾರೆ: 'ಒಳಾಂಗಣ. ಅಡುಗೆಮನೆ. ರಾತ್ರಿ. ಸಾವಿತ್ರಿಗೆ ಗಂಡನ ಮೇಲೆ ಹತ್ತು ವರ್ಷದಿಂದ ಕೋಪವಿದೆ.' ಕಥೆಯಲ್ಲಿ ಈ ವಾಕ್ಯಕ್ಕೆ ತಕರಾರಿಲ್ಲ. ಕ್ಯಾಮೆರಾ ಹತ್ತು ವರ್ಷವನ್ನು ಎಲ್ಲಿಂದ ತೋರಿಸಬೇಕು? ತಿದ್ದಿದ ಮೇಲೆ ಅದು ಹೀಗಾಗುತ್ತದೆ: ಸಾವಿತ್ರಿ ಊಟ ಮುಗಿಸಿ ತನ್ನ ತಟ್ಟೆ ತೊಳೆದಿಡುತ್ತಾಳೆ. ಇನ್ನೊಂದು ತಟ್ಟೆಗೆ ಅನ್ನ, ಸಾರು ಬಡಿಸಿ ಮುಚ್ಚಿ, ದೀಪ ಆರಿಸಿ ಹೋಗುತ್ತಾಳೆ. ಗಂಡ ಬಂದು ದೀಪ ಹಾಕದೆಯೇ ಕೂತು ತುತ್ತು ಬಾಯಿಗಿಡುತ್ತಾನೆ. ಉಪ್ಪಿಲ್ಲ. ಕರೆಯುವುದಿಲ್ಲ. ಕತ್ತಲೆಯಲ್ಲೇ ಕೈ ಚಾಚಿ, ತಡವರಿಸದೆ ಉಪ್ಪಿನ ಡಬ್ಬಿ ತೆಗೆದುಕೊಳ್ಳುತ್ತಾನೆ. ಕೋಪ ಎಂಬ ಪದವೂ ಇಲ್ಲ, ಹತ್ತು ವರ್ಷ ಎಂಬ ಲೆಕ್ಕವೂ ಇಲ್ಲ. ಕತ್ತಲಲ್ಲಿ ಡಬ್ಬಿ ಸಿಗುವಷ್ಟು ಕಾಲದಿಂದ ಇದು ನಡೆಯುತ್ತಿದೆ ಎಂದು ನೋಡುವವನಿಗೆ ಗೊತ್ತಾಗುತ್ತದೆ. ನಟಿಗೆ ಮಾಡಲು ಕೆಲಸ ಸಿಗುತ್ತದೆ, ಛಾಯಾಗ್ರಾಹಕನಿಗೆ ಬೆಳಕಿನ ಯೋಚನೆ ಹುಟ್ಟುತ್ತದೆ. ಪ್ರತಿಭೆಯನ್ನು ಕಲಿಸಲಾಗದು ಎನ್ನುವವರು ಹೇಳಲಿ. ಇದನ್ನು ಮಾತ್ರ ಖಂಡಿತ ಕಲಿಸಬಹುದು.

ಟಿವಿ ವಿಭಾಗ 1974ರಲ್ಲಿ ದೆಹಲಿಯಿಂದ ಬಂದು ಇಲ್ಲಿ ಸೇರಿಕೊಂಡಿತು. ಸಂಸ್ಥೆಯ ಹೆಸರಿನಲ್ಲಿ ಟೆಲಿವಿಷನ್ ಇರುವುದು ಅದರಿಂದ. ಟಿವಿ ಬರವಣಿಗೆಯ ಬಲವನ್ನು ದೇಶ ಕಂಡದ್ದು 1984ರಲ್ಲಿ, ಮನೋಹರ ಶ್ಯಾಮ ಜೋಶಿ ಬರೆದ 'ಹಮ್ ಲೋಗ್' ದೂರದರ್ಶನದಲ್ಲಿ ಬಂದಾಗ. ಕಾದಂಬರಿಕಾರರೊಬ್ಬರು ಕೆಳಮಧ್ಯಮ ವರ್ಗದ ಒಂದು ಮನೆಯನ್ನು ವಾರ ವಾರ ಬರೆಯುತ್ತ ಹೋದರು, ದೇಶ ಅದನ್ನು ತನ್ನ ಮನೆ ಎಂದುಕೊಂಡಿತು. ಇಂದಿನ ದೈನಿಕ ಧಾರಾವಾಹಿಯ ವೇಗವೇ ಬೇರೆ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಇಪ್ಪತ್ತೆರಡು ನಿಮಿಷದಷ್ಟು ಕಥೆ, ಕೊನೆಯಲ್ಲಿ ನಾಳೆಗೊಂದು ಕೊಂಡಿ, ವಾರಕ್ಕೊಮ್ಮೆ ಟಿಆರ್‌ಪಿ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಈ ದುಡಿಮೆಯನ್ನು ಕೀಳೆಂದು ನೋಡುವ ಚಾಳಿ ಸಾಹಿತ್ಯವಲಯದಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಕನ್ನಡದಲ್ಲಿ ಬರೆದು ತಿಂಗಳ ಮನೆ ಬಾಡಿಗೆ ಕಟ್ಟುತ್ತಿರುವವರಲ್ಲಿ ಹೆಚ್ಚಿನವರು ಅಲ್ಲೇ ಇದ್ದಾರೆ.

ಈ ಟಿವಿ ವಿಭಾಗದಿಂದಲೇ ಕನ್ನಡಕ್ಕೊಂದು ದೊಡ್ಡ ಸುದ್ದಿ ಬಂದದ್ದು 2024ರಲ್ಲಿ. ಮೈಸೂರಿನ ಚಿದಾನಂದ ಎಸ್. ನಾಯ್ಕ್, ಎಂಬಿಬಿಎಸ್ ಓದಿದವರು, ಒಂದು ವರ್ಷದ ಟಿವಿ ಕೋರ್ಸಿನ ಕೊನೆಯ ಅಭ್ಯಾಸವಾಗಿ ನಾಲ್ಕು ದಿನದಲ್ಲಿ ಚಿತ್ರೀಕರಿಸಿದ 16 ನಿಮಿಷದ ಕನ್ನಡ ಚಿತ್ರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ'. ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ 'ಲಾ ಸಿನೆಫ್' ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಕಥೆ ನಮಗೆಲ್ಲ ಗೊತ್ತಿರುವುದೇ, ಕೋಳಿಯ ಅಜ್ಜಿಯದು. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದುಕೊಂಡ ಅಜ್ಜಿಯನ್ನು ಜನಪದ ಕಥೆ ಕೊನೆಗೆ ನಗೆಪಾಟಲು ಮಾಡುತ್ತದೆ. ಕೋಳಿಯಿಲ್ಲದೆಯೂ ಸೂರ್ಯ ಹುಟ್ಟುತ್ತಾನೆ. ಚಿತ್ರದಲ್ಲಿ ಅಜ್ಜಿ ಹುಂಜ ಕದ್ದೊಡನೆ ಊರು ನಿಜಕ್ಕೂ ಕತ್ತಲಲ್ಲಿ ಮುಳುಗುತ್ತದೆ. ಅವಳು ಹೇಳಿದ್ದು ನಿಜವಾಗಿದ್ದರೆ? ಆ ಒಂದು ಪ್ರಶ್ನೆ ಕೇಳಿದ್ದೇ ಬರವಣಿಗೆ. ಹಾಗೆ ಕೇಳಿದ ಕ್ಷಣದಲ್ಲಿ ಕಥೆಗೆ ತುರ್ತು ಬಂತು, ಇಡೀ ಚಿತ್ರಕ್ಕೆ ರಾತ್ರಿಯ ಬಣ್ಣ ಬಂತು, ಅಜ್ಜಿಗೆ ಘನತೆ ಬಂತು.

ಇದೇ ರಸ್ತೆಯಲ್ಲಿ ಸ್ವಲ್ಪ ನಡೆದರೆ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. 1964ರಲ್ಲಿ ಆರಂಭವಾದ ಇದನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಬರೆಯಲು ಕಲಿಯುವವರಿಗೆ ಪಠ್ಯಪುಸ್ತಕ ಇಲ್ಲಿನ ಪರದೆಯೇ. ಒಳ್ಳೆಯ ಚಿತ್ರಕಥೆ ಓದುವುದಕ್ಕಿಂತ, ಒಂದೇ ಚಿತ್ರವನ್ನು ಮತ್ತೆ ಮತ್ತೆ ನೋಡಿ ಅದರ ದೃಶ್ಯಗಳನ್ನು ಕಾಗದಕ್ಕಿಳಿಸುವುದು ಹೆಚ್ಚು ಕಲಿಸುತ್ತದೆ.

ಇಲ್ಲಿಂದ ಹೊರಬಿದ್ದವರು ಹೋಗುವುದು ಹೆಚ್ಚಾಗಿ ಮುಂಬೈಗೆ. ಅಲ್ಲಿ ಬರಹಗಾರರಿಗೆ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಇದೆ. ಕಥೆಯನ್ನು ಯಾರಿಗಾದರೂ ಹೇಳುವ ಮೊದಲು ಅಲ್ಲಿ ನೋಂದಾಯಿಸಿಕೊಳ್ಳುವುದು ರೂಢಿ. 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಕಾಯ್ದೆ, ಚಿತ್ರಮಂದಿರದ ಆಚೆಗಿನ ಬಳಕೆಗೆ ಬರುವ ರಾಯಲ್ಟಿಯಲ್ಲಿ ಬರೆದವರಿಗೂ ಬಿಟ್ಟುಕೊಡಲಾಗದ ಪಾಲು ಕೊಟ್ಟಿದೆ. ಒಪ್ಪಂದ ಓದಲು ಬಾರದ ಬರಹಗಾರನಿಗೆ ಆ ಕಾಯ್ದೆಯಿಂದ ಪ್ರಯೋಜನವಿಲ್ಲ. ಬರವಣಿಗೆ ಕಲಿಸುವವರು ಇದನ್ನೂ ಕಲಿಸಬೇಕು.

ಇನ್ನು ನಮ್ಮಲ್ಲಿ. ಕನ್ನಡ ಚಿತ್ರಗಳ ಶೀರ್ಷಿಕೆಯಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ನಾಲ್ಕೂ ಒಂದೇ ಹೆಸರಿಗೆ ಬರುವುದು ಹೊಸತಲ್ಲ. ಒನ್‌ಲೈನ್ ಹಿಡಿದು ಮುಹೂರ್ತಕ್ಕೆ ಹೋಗುವುದು, ಬೆಳಿಗ್ಗೆ ಸೆಟ್ಟಿನಲ್ಲಿ ಡೈಲಾಗ್ ಬರೆಯುವುದು ಇನ್ನೂ ನಿಂತಿಲ್ಲ. ಇಂಟರ್ವಲ್ ತನಕ ಕೂರಿಸಿ ಆಮೇಲೆ ದಿಕ್ಕು ತಪ್ಪುವ ಎಷ್ಟೋ ಚಿತ್ರಗಳ ರೋಗದ ಮೂಲ ಅಲ್ಲಿದೆ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆ ಛಾಯಾಗ್ರಹಣ, ಧ್ವನಿಗ್ರಹಣದಲ್ಲಿ ಡಿಪ್ಲೊಮಾ ಕೊಟ್ಟು ಅನೇಕ ತಂತ್ರಜ್ಞರನ್ನು ತಯಾರು ಮಾಡಿದೆ. ಅಲ್ಲಿಯೇ ಚಿತ್ರಕಥೆಗೊಂದು ಪೂರ್ಣಾವಧಿ ಕೋರ್ಸು, ಕನ್ನಡದಲ್ಲೇ ಕಲಿಸುವ ಕೋರ್ಸು, ಆರಂಭವಾಗಬೇಕು. ಅದಕ್ಕೆ ಸ್ಟುಡಿಯೊ ಬೇಡ, ದುಬಾರಿ ಉಪಕರಣ ಬೇಡ. ಒಂದು ಕೋಣೆ, ಒಂದು ಪರದೆ, ಒಳ್ಳೆಯ ಮೇಷ್ಟರು, ನಮ್ಮ ಸಣ್ಣಕಥೆಗಳ ಒಂದು ಕಪಾಟು ಸಾಕು. ಸರ್ಕಾರ ಮನಸ್ಸು ಮಾಡಲಿ. ಅಲ್ಲಿಯವರೆಗೆ, ಬರೆಯುವ ಆಸೆಯಿರುವ ಕನ್ನಡದ ಪದವೀಧರರು ಪುಣೆಯ ಪ್ರವೇಶ ಪರೀಕ್ಷೆಯ ಪ್ರಕಟಣೆಯ ಮೇಲೆ ಕಣ್ಣಿಟ್ಟು ಅರ್ಜಿ ಹಾಕಿ.