ಊಟವನ್ನೊಲ್ಲದ ಗೋಸುಂಬೆ

ಕಣ್ಣೆದುರಿಗೆ ಹತ್ತಾರು ಹುಳುಗಳು ಹರಿದಾಡುತ್ತಿದ್ದರೂ ಬಾಯಿ ತೆರೆಯದೆ ದಿನಗಟ್ಟಲೆ ಉಪವಾಸ ಕೂರುವ ಪ್ರಾಣಿಯನ್ನು ಏನೆಂದು ಕರೆಯಬೇಕು? ಜರ್ಮನಿ, ಇಂಗ್ಲೆಂಡು, ಅಮೆರಿಕ ಮುಂತಾದ ದೇಶಗಳಲ್ಲಿ ಗೋಸುಂಬೆಯನ್ನು ಮನೆಯಲ್ಲಿ ಸಾಕುವ ಹವ್ಯಾಸಿಗಳು ಅದನ್ನು ಹಟಮಾರಿ ಎಂದು ಕರೆಯುತ್ತಾರೆ. ಅವರು ಸಾಕುವುದು ಮುಖ್ಯವಾಗಿ ಎರಡು ಜಾತಿಗಳನ್ನು. ಯೆಮೆನ್ ಮತ್ತು ನೈಋತ್ಯ ಸೌದಿ ಅರೇಬಿಯದ, ತಲೆಯ ಮೇಲೆ ಎತ್ತರದ ಶಿಖೆಯುಳ್ಳ ಗೋಸುಂಬೆ ಒಂದು. ಮಡಗಾಸ್ಕರ್ ದ್ವೀಪದ ಬಣ್ಣಬಣ್ಣದ ಪ್ಯಾಂಥರ್ ಗೋಸುಂಬೆ ಮತ್ತೊಂದು. ಇವಕ್ಕೆ ಮರಿಯಾಗಿದ್ದಾಗಿನಿಂದ ಸಿಕ್ಕುವ ಆಹಾರ ಸಾಮಾನ್ಯವಾಗಿ ಚಿಮ್ಮಂಡೆ, ಎಂದರೆ ರಾತ್ರಿ ವೇಳೆ ಮೂಲೆಯಲ್ಲಿ ಕುಳಿತು ಕಿರ್ರೆನ್ನುವ, ಮಿಡತೆಯ ಬಂಧುವಾದ ಕೀಟ. ಅದೊಂದಕ್ಕೇ ಒಗ್ಗಿದ ಗೋಸುಂಬೆಯು ಬೇರೊಂದು ಕೀಟವನ್ನು ಕಂಡರೆ ಮುಖ ತಿರುಗಿಸಿಬಿಡುತ್ತದೆ.

ನಮ್ಮ ಬಯಲುಸೀಮೆಯಲ್ಲಿಯೂ ಗೋಸುಂಬೆಯುಂಟು. ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತವನ್ನೇ ಗೋಸುಂಬೆಯೆಂದು ಕರೆಯುವವರಿದ್ದಾರೆ. ಅದು ಬೇರೆ ಪ್ರಾಣಿ. ನಿಜವಾದ ಗೋಸುಂಬೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವಾದ್ದರಿಂದ, ಈ ಲೇಖನವನ್ನು ಓದಿ ಯಾರೂ ಪಂಜರ ಕಟ್ಟಲು ಹೊರಡಬಾರದಾಗಿ ವಿನಂತಿ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಪ್ರಾಣಿಯಲ್ಲಿ ಆಸಕ್ತಿ ಹುಟ್ಟಿದ್ದು ಅದರ ಕಣ್ಣಿನ ಮೂಲಕ. ಅದರ ಊಟದ ಸಮಸ್ಯೆಯ ಬೀಗದ ಕೈಯೂ ಬಹುಮಟ್ಟಿಗೆ ಆ ಕಣ್ಣಿನಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ.

ಚಿಮ್ಮಂಡೆಯನ್ನೇ ತಿಂದುಕೊಂಡಿದ್ದರೆ ಕೆಡುವುದೇನು ಎಂದು ಕೇಳಬಹುದು. ಚಿಮ್ಮಂಡೆಯ ದೇಹದಲ್ಲಿ ರಂಜಕವು ಕ್ಯಾಲ್ಸಿಯಮ್ಮಿನ ಹಲವು ಪಟ್ಟು ಇರುತ್ತದೆ. ಕ್ಯಾಲ್ಸಿಯಂ ಸಾಲದಾದಾಗ ಗೋಸುಂಬೆಯು ತನ್ನ ಮೂಳೆಗಳಿಂದಲೇ ಅದನ್ನು ಕಡ ತರುತ್ತದೆ; ಕಾಲುಗಳು ಬಾಗುತ್ತವೆ, ದವಡೆ ಮೆತ್ತಗಾಗುತ್ತದೆ, ಕೊನೆಗೆ ಕೊಂಬೆಯನ್ನು ಹಿಡಿಯುವ ಶಕ್ತಿಯೂ ಉಳಿಯುವುದಿಲ್ಲ. ಕೀಟಗಳ ಮೈಗೆ ಕ್ಯಾಲ್ಸಿಯಂ ಪುಡಿ ಸವರುವುದು ಇದಕ್ಕಾಗಿಯೇ. ಎರಡನೆಯ ಅಪಾಯ ಇನ್ನೂ ಆಕಸ್ಮಿಕವಾದುದು. 2002ರಲ್ಲಿ ಯೂರೋಪಿನಲ್ಲಿಯೂ 2009-10ರ ಸುಮಾರಿಗೆ ಉತ್ತರ ಅಮೆರಿಕದಲ್ಲಿಯೂ ಒಂದು ವೈರಸ್ ರೋಗ ಹಬ್ಬಿ, ಚಿಮ್ಮಂಡೆ ಸಾಕುವ ಕೇಂದ್ರಗಳು ಒಂದಾದ ಮೇಲೊಂದು ಬರಿದಾದುವು. ಒಂದೇ ಕೀಟವನ್ನು ಬಲ್ಲ ಗೋಸುಂಬೆಗೆ ಆ ಕೀಟವೇ ಇಲ್ಲದೆ ಹೋದರೆ ಗತಿಯೇನು? ಇನ್ನೊಂದನ್ನು ತಿನ್ನಲು ಅದನ್ನು ಮೊದಲೇ ಅಣಿಗೊಳಿಸಿರಬೇಕು.

ಈಗ ಕಣ್ಣಿಗೆ ಬರೋಣ. ನಮ್ಮ ಕಣ್ಣಿನಲ್ಲಿರುವುದು ಪೀನ ಮಸೂರ. ಗೋಸುಂಬೆಯ ಮಸೂರವು ನಿಮ್ನ ಮಸೂರದಂತೆ ಬೆಳಕನ್ನು ಚದುರಿಸಬಲ್ಲುದೆಂದು ಆಟ್ ಮತ್ತು ಶೇಫೆಲ್ ಎಂಬ ವಿಜ್ಞಾನಿಗಳು 1995ರಲ್ಲಿ ತೋರಿಸಿಕೊಟ್ಟರು. ಕಣ್ಣಿನ ಮುಂಭಾಗದ ಕಾರ್ನಿಯ ಬೆಳಕನ್ನು ಬಲವಾಗಿ ಕೂಡಿಸುತ್ತದೆ, ಒಳಗಿನ ಮಸೂರ ಅದನ್ನು ಸ್ವಲ್ಪ ಬಿಡಿಸುತ್ತದೆ. ಗೆಲಿಲಿಯೊವಿನ ದೂರದರ್ಶಕವನ್ನು ಪಾಠದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಈ ಏರ್ಪಾಡು ಕೂಡಲೆ ಹೊಳೆದೀತು: ಮುಂದೆ ಪೀನ, ಹಿಂದೆ ನಿಮ್ನ. ಇದರಿಂದ ಅಕ್ಷಿಪಟದ ಮೇಲೆ ಬೀಳುವ ಬಿಂಬ ಆ ಪುಟ್ಟ ಕಣ್ಣಿಗೆ ಹೋಲಿಸಿದರೆ ದೊಡ್ಡದಾಗುತ್ತದೆ. ಬಿಂಬವನ್ನು ಸ್ಫುಟಗೊಳಿಸಲು ಮಸೂರವನ್ನು ಎಷ್ಟು ಹೊಂದಿಸಬೇಕಾಯಿತು ಎಂಬುದರಿಂದಲೇ ಗೋಸುಂಬೆಯು ಹುಳುವಿನ ದೂರವನ್ನು ಅಳೆಯುತ್ತದೆ. 1977ರಲ್ಲಿ ಹಾರ್ಕ್‌ನೆಸ್ ಎಂಬ ಸಂಶೋಧಕಿ ಗೋಸುಂಬೆಗಳಿಗೆ ಕನ್ನಡಕ ತೊಡಿಸಿ ನೋಡಿದಾಗ ನಾಲಗೆಯ ಗುರಿ ತಪ್ಪಿತು! ಕನ್ನಡಕ ಧರಿಸಿದ ಗೋಸುಂಬೆಯ ಚಿತ್ರವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು ನಗುವ ಸ್ವಾತಂತ್ರ್ಯ ವಾಚಕರಿಗಿದೆ. ಪ್ರಯೋಗವು ಮಾತ್ರ ಬಹು ಗಂಭೀರವಾದುದು.

ಇಂತಹ ಸೂಕ್ಷ್ಮವಾದ ಕಣ್ಣನ್ನು ಸೆಳೆಯುವುದು ಚಲನೆ. ವಾಸನೆಗೆ ಇಲ್ಲಿ ಹೆಚ್ಚಿನ ಪಾತ್ರವಿಲ್ಲ. ಚಿಮ್ಮಂಡೆ ಪುಟಪುಟನೆ ನೆಗೆಯುತ್ತದೆ, ಪಂಜರದ ಗೋಡೆ ಹತ್ತುತ್ತದೆ. ಅದಕ್ಕೆ ಬದಲಾಗಿ ಹವ್ಯಾಸಿಗಳು ಕೊಡುವ ದಕ್ಷಿಣ ಅಮೆರಿಕದ ದುಬಿಯ ಎಂಬ ಜಿರಲೆಯಾದರೋ ಕತ್ತಲೆಯನ್ನರಸಿ ಅಡಗುತ್ತದೆ, ಬೆದರಿದರೆ ಕಲ್ಲಿನಂತೆ ಸುಮ್ಮನಿರುತ್ತದೆ. ಸುಮ್ಮನಿರುವ ಜಿರಲೆಯು ಗೋಸುಂಬೆಯ ಪಾಲಿಗೆ ಒಂದು ಒಣ ಎಲೆ ಅಷ್ಟೆ. ಹೀಗಿರುವಾಗ ಹಟವೆಂಬ ಮಾತು ಸಲ್ಲದು. ನಾವು ಊಟವೆಂದು ಕರೆಯುವ ವಸ್ತುವು ಅದರ ಕಣ್ಣಿಗೆ ಊಟವಾಗಿಯೇ ಕಂಡಿರುವುದಿಲ್ಲ.

ಆದುದರಿಂದ ಅನುಭವಿಗಳು ಜಿರಲೆಯನ್ನು ಚಿಮಟದಿಂದ ಮೃದುವಾಗಿ ಹಿಡಿದು ಕಾಲುಗಳು ಆಡುವಂತೆ ತೋರಿಸುತ್ತಾರೆ. ಇಲ್ಲವೆ ಬೆಳಕು ಬಿದ್ದ ಜಾಲರಿಯ ಮೇಲೆ ಬಿಡುತ್ತಾರೆ, ಅದು ಮೇಲಕ್ಕೆ ಹತ್ತತೊಡಗುತ್ತದೆ. ಕೈಯನ್ನು ಕಂಡರೆ ಬೆದರುವ ಗೋಸುಂಬೆಗೆ ಕೊಂಬೆಯ ಬಳಿ ಕಟ್ಟಿದ ಬಟ್ಟಲೇ ಲೇಸು. ಬಟ್ಟಲಿನಲ್ಲಿ ಪರಿಚಿತ ಚಿಮ್ಮಂಡೆಗಳ ನಡುವೆ ಒಂದೆರಡು ಹೊಸ ಕೀಟಗಳನ್ನು ಬೆರೆಸಿ, ದಿನಕ್ರಮದಲ್ಲಿ ಪ್ರಮಾಣವನ್ನು ಹೆಚ್ಚಿಸಬೇಕು. ಕೀಟದ ಅಗಲ ಗೋಸುಂಬೆಯ ಎರಡು ಕಣ್ಣುಗಳ ನಡುವಣ ಅಂತರವನ್ನು ಮೀರಕೂಡದು. ಹಾರುವ ನೊಣವನ್ನು ಕಂಡು ಸುಮ್ಮನಿರುವ ಗೋಸುಂಬೆ ಅಪರೂಪವಾದ್ದರಿಂದ, ಬಹುದಿನ ಮುನಿದುಕೊಂಡದ್ದನ್ನು ಮತ್ತೆ ಬೇಟೆಗೆಳೆಯಲು ನೊಣವನ್ನೂ ಪತಂಗವನ್ನೂ ಬಿಡುವ ರೂಢಿಯುಂಟು. ಮಿಣುಕುಹುಳವನ್ನು ಮಾತ್ರ ಎಂದಿಗೂ ಕೊಡಬಾರದು. ಅದರಲ್ಲಿರುವ ವಿಷ ಹಲ್ಲಿಯ ವರ್ಗದ ಪ್ರಾಣಿಗಳನ್ನು ಕೊಂದ ನಿದರ್ಶನಗಳಿವೆ.

ಇಷ್ಟೆಲ್ಲ ಮಾಡುವ ಮೊದಲು ಶಾಖವನ್ನು ಪರೀಕ್ಷಿಸಬೇಕು. ಗೋಸುಂಬೆಯ ನಾಲಗೆಯೊಳಗಿನ ಸ್ನಾಯುವು ಕೊಲಾಜೆನ್ ಪೊರೆಗಳನ್ನು ನಿಧಾನವಾಗಿ ಹಿಗ್ಗಿಸಿ ಶಕ್ತಿಯನ್ನು ಕೂಡಿಡುತ್ತದೆ. ಹೆದೆಯೆಳೆದ ಬಿಲ್ಲಿನಂತೆ ಅದು ಒಮ್ಮೆಗೇ ಬಿಡುಗಡೆಯಾಗುತ್ತದೆ. ಹೀಗೆ ಸ್ಥಿತಿಸ್ಥಾಪಕತ್ವವನ್ನು ನೆಚ್ಚಿರುವುದರಿಂದ ನಾಲಗೆಗೆ ಚಳಿಯ ಬಾಧೆ ಕಡಿಮೆ. 2010ರಲ್ಲಿ ಆ್ಯಂಡರ್ಸನ್ ಮತ್ತು ಡೆಬನ್ ಅಳೆದು ನೋಡಿದಂತೆ, ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದಾಗ ನಾಲಗೆ ಚಿಮ್ಮುವ ವೇಗ ಶೇಕಡ 10ರಿಂದ 19ರಷ್ಟು ಕುಗ್ಗಿದರೆ, ಬರಿಯ ಸ್ನಾಯುಬಲದಿಂದ ಅದನ್ನು ಹಿಂದಕ್ಕೆಳೆಯುವ ವೇಗ ಶೇಕಡ 42ಕ್ಕಿಂತಲೂ ಹೆಚ್ಚು ಕುಗ್ಗಿತು. ಜಠರಕ್ಕೆ ಇಂತಹ ಬಿಲ್ಲಿಲ್ಲ. ಮೈ ಕಾಯಿಸಿಕೊಳ್ಳಲು ದೀಪವಿಲ್ಲದಿದ್ದರೆ ಹಿಂದೆ ತಿಂದದ್ದೇ ಅರಗದೆ ಉಳಿದು ಹಸಿವು ಹುಟ್ಟದು. ಬಿಸಿಲಿನ ಅತಿನೇರಿಳೆ ಕಿರಣಗಳೂ ಬೇಕು. ಮೈಯಲ್ಲಿ ಡಿ ಜೀವಸತ್ವವುಂಟಾಗುವುದು ಅವುಗಳಿಂದ. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುವುದರಿಂದ ಗಾಜಿನ ಹಿಂದಿನ ಬಿಸಿಲು ಸಾಲದು.

ಹಸಿವೆಯೇ ಒಳ್ಳೆಯ ಮೇಲೋಗರವೆಂದು ಕೆಲವರು ಉಪವಾಸ ಕೆಡವುವುದುಂಟು. ಆರೋಗ್ಯವಾಗಿರುವ ಪ್ರೌಢ ಗೋಸುಂಬೆಗೆ ಒಂದೆರಡು ದಿನ ಆಹಾರ ತಪ್ಪಿದರೆ ತೊಂದರೆಯಿಲ್ಲ. ಮರಿಗಳನ್ನೂ ಮೊಟ್ಟೆ ಹೊತ್ತ ಹೆಣ್ಣನ್ನೂ ಹೀಗೆ ಪರೀಕ್ಷೆಗೊಡ್ಡುವುದು ಕ್ರೂರ. ಕಣ್ಣು ಗುಳಿಬಿದ್ದಿದ್ದರೆ ಅದಕ್ಕೆ ಬೇಕಾದುದು ನೀರು. ಹಗಲಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರೆ ಪಶುವೈದ್ಯರು. ಬಾಯಿಯನ್ನು ಬಲಾತ್ಕಾರವಾಗಿ ತೆರೆದು ತುರುಕುವವರು ದವಡೆಗೆ ಪೆಟ್ಟು ಮಾಡಿಯಾರು.

ಹೊಸ ಆಹಾರಗಳಲ್ಲಿ ಗೋಸುಂಬೆಗಳು ಮೆಚ್ಚುವ ಒಂದು ನಮ್ಮ ನಾಡಿಗೆ ಚಿರಪರಿಚಿತ: ರೇಷ್ಮೆಹುಳು. ಮೆದುವಾದ ಮೈ, ನಿಧಾನವಾದರೂ ಬಿಡದೆ ತಲೆಯಾಡಿಸುತ್ತ ತೆವಳುವ ನಡೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ, ನೂಲು ಬಿಚ್ಚಿದ ಮೇಲೆ ರಾಶಿ ರಾಶಿಯಾಗಿ ಉಳಿಯುವ ಸತ್ತ ಕೋಶಗಳನ್ನೇ ಏಕೆ ಕೊಡಬಾರದೆಂದು ತೋರಬಹುದು. ಕೋಳಿಯೂ ಮೀನೂ ಅವನ್ನು ತಿನ್ನುತ್ತವೆ. ಗೋಸುಂಬೆಯ ಮುಂದೆ ಅವನ್ನು ಬಟ್ಟಲು ತುಂಬ ಸುರಿದರೂ ನಾಲಗೆ ಹೊರಬರುವುದು ಕಷ್ಟ, ಅವು ಅಲುಗುವುದಿಲ್ಲವಲ್ಲ.